ಯುರೋಪಿನ ರೈಲಿನಲ್ಲಿ ಟಿಕೆಟ್ಟೂ ಸೀಟೂ: ಕಾಯ್ದಿರಿಸುವ ಕ್ರಮ

ಐಆರ್‌ಸಿಟಿಸಿಯಲ್ಲಿ ಮುಂಗಡ ಟಿಕೆಟ್ ತೆಗೆದು ರೂಢಿಯಾದವರಿಗೆ ಒಂದೇ ಪಿಎನ್‌ಆರ್‌ನಲ್ಲಿ ಪ್ರಯಾಣದ ಹಕ್ಕು, ಬೋಗಿ, ಬರ್ತು ಎಲ್ಲವೂ ಸೇರಿರುತ್ತವೆ. ಯುರೋಪಿನಲ್ಲಿ ಹಲವೆಡೆ ಟಿಕೆಟ್ ಬೇರೆ, ಸೀಟು ಬೇರೆ. ಕೆಲವು ರೈಲುಗಳಲ್ಲಿ ಸೀಟು ಕಾಯ್ದಿರಿಸುವುದು ಕಡ್ಡಾಯ, ಕೆಲವುಗಳಲ್ಲಿ ಪ್ರಯಾಣಿಕರ ಇಚ್ಛೆ, ಇನ್ನು ಕೆಲವುಗಳಲ್ಲಿ ಆ ಏರ್ಪಾಟೇ ಇಲ್ಲ. ವೇಟಿಂಗ್ ಲಿಸ್ಟ್, ಆರ್‌ಎಸಿ, ತತ್ಕಾಲ್ ಇವು ಯಾವುವೂ ಅಲ್ಲಿಲ್ಲ. ಆದ್ದರಿಂದ ಹಣ ಕಟ್ಟುವ ಮೊದಲು, ತಾವು ಹತ್ತುವ ರೈಲು ಇವುಗಳಲ್ಲಿ ಯಾವ ಬಗೆಯದು ಎಂಬುದನ್ನು ತಿಳಿದುಕೊಳ್ಳಬೇಕು.

ಪ್ಯಾರಿಸ್‌ನಿಂದ ಹೊರಟು ಜ್ಯೂರಿಕ್, ಮಿಲಾನ್, ವೆನಿಸ್, ವಿಯೆನ್ನಾ ಮಾರ್ಗವಾಗಿ ಮ್ಯೂನಿಕ್ ತಲುಪುವ ಪ್ರವಾಸವನ್ನೇ ನೋಡೋಣ. ಪ್ಯಾರಿಸ್‌–ಜ್ಯೂರಿಕ್ ನಡುವಿನ ಟಿಜಿವಿ ಲಿರಿಯಾ ಎಂಬ ವೇಗದ ರೈಲಿನಲ್ಲಿ ಸೀಟು ಕಡ್ಡಾಯ. ಅದು ಟಿಕೆಟ್ಟಿನ ಬೆಲೆಯಲ್ಲೇ ಸೇರಿರುತ್ತದೆ. ಜ್ಯೂರಿಕ್‌ನಿಂದ ಗೊಟ್ಹಾರ್ಡ್‌ನ 57 ಕಿಲೋಮೀಟರ್ ಉದ್ದದ ಸುರಂಗದ ಮೂಲಕ ಮಿಲಾನ್‌ಗೆ ಹೋಗುವ ಯುರೋಸಿಟಿ ರೈಲಿಗೂ ಗಡಿ ದಾಟುವವರು ಸೀಟು ಕಾಯ್ದಿರಿಸಲೇಬೇಕು. ಆದರೆ ಸ್ವಿಟ್ಜರ್ಲೆಂಡಿನೊಳಗೇ ಜ್ಯೂರಿಕ್‌ನಿಂದ ಇಂಟರ್‌ಲಾಕನ್‌ಗೋ ಲೂಸರ್ನ್‌ಗೋ ಹೋಗುವವರು ಟಿಕೆಟ್ ಹಿಡಿದು ಬಂದ ರೈಲು ಹತ್ತಿ, ಖಾಲಿ ಇದ್ದ ಕಡೆ ಕೂರಬಹುದು. ಗ್ಲೇಸಿಯರ್ ಎಕ್ಸ್‌ಪ್ರೆಸ್, ಬರ್ನಿನಾ ಎಕ್ಸ್‌ಪ್ರೆಸ್‌ನಂಥ ಪ್ರವಾಸಿ ರೈಲುಗಳು ಇದಕ್ಕೆ ಅಪವಾದ. ಅವುಗಳಲ್ಲಿ ಸೀಟಿಗೆ ಪ್ರತ್ಯೇಕ ಶುಲ್ಕ ಕಟ್ಟಬೇಕು.

ಮಿಲಾನ್‌ನಿಂದ ವೆನಿಸ್‌ಗೆ ಫ್ರೆಚ್ಚಾರೊಸ್ಸಾ ಅಥವಾ ಇಟಾಲೊ ಎಂಬ ವೇಗದ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆಯ ಪ್ರಯಾಣ; ಟಿಕೆಟ್ಟಿನೊಂದಿಗೇ ಸೀಟು ಬರುತ್ತದೆ. ಅದೇ ದಾರಿಯನ್ನು ವೆರೋನಾದಲ್ಲಿ ಬದಲಿಸಿಕೊಂಡು ಪ್ರಾದೇಶಿಕ ರೈಲುಗಳಲ್ಲಿಯೂ ಕ್ರಮಿಸಬಹುದು. ಅವು ನಿಧಾನ, ಆದರೆ ದರ ಯಾವಾಗ ಕೊಂಡರೂ ಒಂದೇ. ಸೀಟು ಸಂಖ್ಯೆ ಇರುವುದಿಲ್ಲ. ಇಂಥ ರೈಲಿನ ಕಾಗದದ ಟಿಕೆಟ್ಟನ್ನು ಹತ್ತುವ ಮುನ್ನ ಪ್ಲಾಟ್‌ಫಾರ್ಮಿನ ಚಿಕ್ಕ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಬೇಕು, ಮೊಬೈಲ್ ಟಿಕೆಟ್ಟಾದರೆ ಚೆಕ್-ಇನ್ ಮಾಡಬೇಕು. ಇಲ್ಲದಿದ್ದರೆ ಟಿಕೆಟ್ ಕೈಯಲ್ಲಿದ್ದರೂ ದಂಡ ತಪ್ಪದು. ವೆನಿಸ್‌ನಿಂದ ವಿಯೆನ್ನಾಕ್ಕೆ ಆಸ್ಟ್ರಿಯಾದ ರೈಲ್ವೆಯಾದ ಓಬಿಬಿಯ ನೈಟ್‌ಜೆಟ್ ರಾತ್ರಿ ರೈಲು ಇದೆ. ಅದರಲ್ಲಿ ಬರೀ ಸೀಟು, ಹಲವರು ಹಂಚಿಕೊಳ್ಳುವ ಮಲಗುವ ಬರ್ತು, ಹಾಸಿಗೆಯುಳ್ಳ ಸ್ಲೀಪರ್ ಕೋಣೆ ಎಂದು ಮೂರು ದರ್ಜೆಗಳು. ಮಹಿಳೆಯರಿಗಷ್ಟೇ ಮೀಸಲಾದ ಕೋಣೆಯನ್ನೂ ಬುಕಿಂಗ್ ವೇಳೆಯಲ್ಲೇ ಕೇಳಬಹುದು. ಮರುದಿನ ಊರು ಸುತ್ತುವ ಉದ್ದೇಶವಿದ್ದರೆ ಬರೀ ಸೀಟಿನಲ್ಲಿ ರಾತ್ರಿ ಕಳೆಯುವ ಉಳಿತಾಯ ಬೇಡ.

ಕೊನೆಯ ವಿಯೆನ್ನಾ–ಮ್ಯೂನಿಕ್ ದಾರಿಯ ರೈಲ್‌ಜೆಟ್‌ನಲ್ಲಿ ಸೀಟು ಐಚ್ಛಿಕ. ಜರ್ಮನಿಯ ಐಸಿಇ ಎಂಬ ವೇಗದ ರೈಲುಗಳದೂ ಇದೇ ಪದ್ಧತಿ, ಮತ್ತು ನಮ್ಮವರು ಹೆಚ್ಚು ಗೊಂದಲಕ್ಕೆ ಒಳಗಾಗುವುದೂ ಇಲ್ಲಿಯೇ. ಎರಡನೇ ದರ್ಜೆಯ ಟಿಕೆಟ್ ಕೊಳ್ಳುವಾಗ ಸೀಟು ಬೇಕೇ ಎಂಬ ಪ್ರಶ್ನೆ ಪ್ರತ್ಯೇಕವಾಗಿ ಬರುತ್ತದೆ. ಅದನ್ನು ಗಮನಿಸದೆ ಮುಂದುವರಿದರೆ ಟಿಕೆಟ್ ಸಿಗುತ್ತದೆ, ಜಾಗದ ಭರವಸೆ ಇರುವುದಿಲ್ಲ. ಶುಕ್ರವಾರ ಸಂಜೆ, ಭಾನುವಾರ, ಬೇಸಿಗೆ ರಜೆಯ ದಿನಗಳಲ್ಲಿ ಕೆಲವು ಯುರೋ ಹೆಚ್ಚು ಕೊಟ್ಟು ಸೀಟು ಹಿಡಿಯುವುದೇ ಜಾಣತನ. ಮಂಗಳವಾರದ ಮಧ್ಯಾಹ್ನ ಒಬ್ಬರೇ ಹೋಗುವುದಾದರೆ ಅಗತ್ಯ ಕಡಿಮೆ. ಕಾಯ್ದಿರಿಸಿದ ಸೀಟಿನ ಮೇಲೋ ಪಕ್ಕದಲ್ಲೋ ಇರುವ ಪುಟ್ಟ ಪರದೆಯಲ್ಲಿ ಯಾವ ಊರಿನಿಂದ ಯಾವ ಊರಿಗೆ ಎಂಬುದು ಮೂಡಿರುತ್ತದೆ. ಅದರಲ್ಲಿ ‘ಲಿಂಜ್–ಸಾಲ್ಜ್‌ಬುರ್ಗ್’ ಎಂದಿದ್ದರೆ ಲಿಂಜ್‌ವರೆಗೆ ಆ ಸೀಟಿನಲ್ಲಿ ನೀವು ಕೂರಬಹುದು, ಅಲ್ಲಿ ಹತ್ತಿದವರಿಗೆ ಬಿಟ್ಟುಕೊಡಬೇಕು. ಕಾಯ್ದಿರಿಸಿದವರು ಜರ್ಮನಿಯ ರೈಲು ಹೊರಟು 15 ನಿಮಿಷವಾದರೂ ಬಂದು ಕೂರದಿದ್ದರೆ ಅವರ ಹಕ್ಕು ಹೋಗುತ್ತದೆ. ಐಸಿಇಯಲ್ಲಿ ಸೀಟು ಆರಿಸುವಾಗ ಮೌನ ವಲಯದ ಬೋಗಿಯನ್ನು ತಿಳಿಯದೆ ಆರಿಸಬೇಡಿ. ಮಕ್ಕಳೊಂದಿಗೆ ಹೋಗುವ ಕುಟುಂಬಕ್ಕೂ, ಫೋನಿನಲ್ಲಿ ಊರಿನವರೊಡನೆ ಗಟ್ಟಿಯಾಗಿ ಮಾತಾಡುವವರಿಗೂ ಅದು ಸರಿಬರದು.

ಕೊಳ್ಳುವ ಸಮಯದ ವಿಚಾರದಲ್ಲಿ ವೀಸಾ ಅಡ್ಡ ಬರುತ್ತದೆ. ವೇಗದ ರೈಲುಗಳ ದರ ವಿಮಾನದಂತೆ ದಿನ ಸಮೀಪಿಸಿದಷ್ಟೂ ಏರುತ್ತದೆ, ಅಗ್ಗದ ಟಿಕೆಟ್ಟುಗಳು ತಿಂಗಳುಗಳ ಮೊದಲೇ ಮುಗಿಯುತ್ತವೆ. ಆದರೆ ಅಂಥ ಟಿಕೆಟ್ಟುಗಳಿಗೆ ಸಾಮಾನ್ಯವಾಗಿ ಹಣ ಮರಳುವುದಿಲ್ಲ. ಜರ್ಮನಿಯ ‘ಸೂಪರ್ ಷ್ಪಾರ್‌ಪ್ರೈಸ್’ ಇದಕ್ಕೆ ಉದಾಹರಣೆ. ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದಲೇ ಅರ್ಜಿ ಹಾಕಲು ಅವಕಾಶವಿರುವುದರಿಂದ, ಬೇಗ ಅರ್ಜಿ ಹಾಕಿ, ಪಾಸ್‌ಪೋರ್ಟ್ ಕೈಸೇರಿದ ಮೇಲೆ ರೈಲಿನ ಟಿಕೆಟ್ ಕೊಳ್ಳುವುದು ಕ್ಷೇಮ. ವೀಸಾಕ್ಕಾಗಿ ಮೊದಲೇ ಟಿಕೆಟ್ ತೋರಿಸಬೇಕಾಗಿ ಬಂದರೆ ರದ್ದುಪಡಿಸಬಹುದಾದ ದರವನ್ನೇ ಆರಿಸಿ. ವೀಸಾ ಬಂದ ಕೂಡಲೇ ಮೊದಲು ರಾತ್ರಿ ರೈಲು, ಬಳಿಕ ಟಿಜಿವಿ, ಬಳಿಕ ಇಟಲಿಯ ವೇಗದ ರೈಲು. ಪ್ರಾದೇಶಿಕ ರೈಲಿನ ಟಿಕೆಟ್ಟನ್ನು ಆ ದಿನವೇ ಕೊಳ್ಳಬಹುದು. ಯುರೋಪಿನ ವೇಳಾಪಟ್ಟಿ ಪ್ರತಿ ವರ್ಷ ಡಿಸೆಂಬರ್ ಮಧ್ಯದಲ್ಲಿ ಬದಲಾಗುವುದರಿಂದ, ಅದರ ನಂತರದ ದಿನಗಳ ಟಿಕೆಟ್ಟು ಕೆಲವೊಮ್ಮೆ ತಡವಾಗಿ ಮಾರಾಟಕ್ಕೆ ಬರುತ್ತದೆ.

ಸಾಧ್ಯವಾದಷ್ಟು ಆಯಾ ರೈಲ್ವೆಯ ಜಾಲತಾಣದಲ್ಲೇ ಕೊಳ್ಳಿ: ಫ್ರಾನ್ಸಿಗೆ ಎಸ್‌ಎನ್‌ಸಿಎಫ್ ಕನೆಕ್ಟ್, ಇಟಲಿಗೆ ಟ್ರೆನಿಟಾಲಿಯಾ, ಜರ್ಮನಿಗೆ ಡಾಯ್ಚ ಬಾನ್, ಆಸ್ಟ್ರಿಯಾಕ್ಕೆ ಓಬಿಬಿ, ಸ್ವಿಟ್ಜರ್ಲೆಂಡಿಗೆ ಎಸ್‌ಬಿಬಿ. ಹಲವು ದೇಶಗಳ ಟಿಕೆಟ್ಟನ್ನು ಒಟ್ಟಿಗೆ ಮಾರುವ ಟ್ರೈನ್‌ಲೈನ್, ಓಮಿಯೊ ಮೊದಲಾದವು ಅನುಕೂಲಕರ, ಆದರೆ ಸೇವಾಶುಲ್ಕ ಸೇರಬಹುದು. ಊರಿನ ಹೆಸರು ಸಿಗದಿದ್ದರೆ ಸ್ಥಳೀಯ ರೂಪ ಬಳಸಿ: ವೆನಿಸ್‌ಗೆ ವೆನೆಜಿಯಾ, ಫ್ಲಾರೆನ್ಸ್‌ಗೆ ಫಿರೆಂಜೆ, ವಿಯೆನ್ನಾಕ್ಕೆ ವೀನ್. ನಿಲ್ದಾಣವನ್ನೂ ನೋಡಿಕೊಳ್ಳಿ. ವೆನಿಸ್ ದ್ವೀಪದ ನಿಲ್ದಾಣ ಸಾಂತಾ ಲೂಚಿಯಾ, ಮೆಸ್ತ್ರೆ ಇರುವುದು ದಡದಲ್ಲಿ. ಪ್ಯಾರಿಸ್‌ನಲ್ಲಿ ಲಂಡನ್ ರೈಲು (ಯುರೋಸ್ಟಾರ್) ಗಾರ್ ದು ನಾರ್‌ನಿಂದ ಹೊರಟರೆ ಜ್ಯೂರಿಕ್ ರೈಲು ಗಾರ್ ದ ಲಿಯೋನ್‌ನಿಂದ. ಹಣ ಕಟ್ಟುವ ಮುನ್ನ ಬ್ಯಾಂಕಿನ ಆ್ಯಪಿನಲ್ಲಿ ಕಾರ್ಡಿನ ಅಂತರರಾಷ್ಟ್ರೀಯ ಆನ್‌ಲೈನ್ ಬಳಕೆಯನ್ನು ಸಕ್ರಿಯಗೊಳಿಸಿರಬೇಕು. ಹೊಸ ಕಾರ್ಡುಗಳಲ್ಲಿ ಅದು ತಾನಾಗಿ ತೆರೆದಿರುವುದಿಲ್ಲ.

ಹಲವು ದೇಶಗಳ ರೈಲುಗಳಲ್ಲಿ ಓಡಾಡಲು ಸಿಗುವ ಯುರೇಲ್ ಪಾಸ್ ಕೊಂಡರೆ ಇದಾವುದೂ ಬೇಡ ಎಂಬ ನಂಬಿಕೆ ತಪ್ಪು. ಯುರೋಪಿನ ನಿವಾಸಿಗಳಲ್ಲದವರಿಗಾಗಿ ಇರುವ ಆ ಪಾಸಿನಲ್ಲಿ ಪ್ರಯಾಣದ ಹಕ್ಕಿದೆ, ಸೀಟಿಲ್ಲ. ಟಿಜಿವಿ, ಯುರೋಸ್ಟಾರ್, ನೈಟ್‌ಜೆಟ್‌ಗಳಿಗೆ ಮತ್ತೆ ಶುಲ್ಕ ಕಟ್ಟಬೇಕು. ಅಷ್ಟೇ ಅಲ್ಲ, ಟಿಜಿವಿ ಮತ್ತು ಯುರೋಸ್ಟಾರ್‌ನಲ್ಲಿ ಪಾಸಿನವರಿಗೆ ಬಿಟ್ಟ ಸೀಟುಗಳೂ ಮಿತ. ಮೇಲಿನಂಥ ಐದು ನಿಗದಿತ ಪ್ರಯಾಣಗಳಿಗೆ ಬಿಡಿ ಟಿಕೆಟ್ಟನ್ನು ಬೇಗ ಕೊಳ್ಳುವುದೇ ಹೆಚ್ಚಾಗಿ ಅಗ್ಗ. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡಿನಲ್ಲಿ ಮನಸ್ಸು ಬಂದಂತೆ ತಿರುಗುವವರಿಗೆ ಮಾತ್ರ ಪಾಸು ಒಪ್ಪುತ್ತದೆ.

ರೈಲು ಬದಲಿಸುವ ಪ್ರಯಾಣವನ್ನು ಒಂದೇ ಟಿಕೆಟ್ಟಿನಲ್ಲಿ ಕೊಳ್ಳುವುದು ಒಳ್ಳೆಯದು. ಎರಡು ಬೇರೆ ಟಿಕೆಟ್ಟುಗಳಾದರೆ, ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದಾಗ ಹೊಸ ಟಿಕೆಟ್ಟಿನ ಖರ್ಚು ನಿಮ್ಮದೇ ಆಗಬಹುದು. ಹಾಗೆ ಕೊಳ್ಳಲೇಬೇಕಾದರೆ ನಡುವೆ ಒಂದು ಗಂಟೆಯಾದರೂ ಅಂತರವಿರಲಿ. ಜರ್ಮನಿಯಲ್ಲಿ ನಿಗದಿತ ರೈಲಿಗೆ ಕಟ್ಟುಬಿದ್ದ ಅಗ್ಗದ ಟಿಕೆಟ್ ಹೊಂದಿದ್ದರೂ, ಗಮ್ಯಸ್ಥಾನ ತಲುಪುವುದು ಕನಿಷ್ಠ 20 ನಿಮಿಷ ತಡವಾಗುವ ಸೂಚನೆಯಿದ್ದರೆ ಬೇರೆ ರೈಲು ಹತ್ತಲು ಅವಕಾಶವಿದೆ. ಐರೋಪ್ಯ ಒಕ್ಕೂಟದ ನಿಯಮದಂತೆ ರೈಲು ಒಂದು ಗಂಟೆ ತಡವಾದರೆ ದರದ ಶೇ. 25, ಎರಡು ಗಂಟೆ ಮೀರಿದರೆ ಶೇ. 50ರಷ್ಟು ಪರಿಹಾರ ಕೇಳಬಹುದು. ತೀವ್ರ ಹವಾಮಾನದಂಥ ಅಸಾಧಾರಣ ಕಾರಣಗಳಿಗೆ ಇದು ಅನ್ವಯಿಸದು. ಈ ಕೋರಿಕೆಗೆ ಟಿಕೆಟ್ ಬೇಕಾಗುವುದರಿಂದ, ಊರು ತಲುಪಿದ ಕೂಡಲೇ ಅದನ್ನು ಮೊಬೈಲಿನಿಂದ ಅಳಿಸಿಹಾಕಬೇಡಿ.