ಮಳೆಗಾಲದ ಕೂಸು, ಸ್ಕೂಲಿಗೆ ಹೋಗೋ ಅಣ್ಣ: ಆರ್‌ಎಸ್‌ವಿ ಜೊತೆ ನನ್ನ ಅನುಭವ

ನಾನು ಪುಣೆಯ ಒಂದು ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡಿನ ಸ್ಟಾಫ್ ನರ್ಸ್, ಊರು ವಿಜಯಪುರದ ಕಡೆ, ಮನೆ ಧನಕವಡಿಯಲ್ಲಿ. ಮಳೆಗಾಲ ಜೋರಾಯ್ತು ಅಂದ್ರೆ ಎರಡು ಮೂರು ತಿಂಗಳ ಕೂಸುಗಳು ಕಫ ಕಟ್ಟಿ, ಎದೆ ಸುಂಯ್ ಸುಂಯ್ ಅನ್ಕೊಂಡು ಒಂದರ ಹಿಂದೊಂದು ಅಡ್ಮಿಟ್ ಆಗ್ತವೆ, ಅದರಲ್ಲಿ ಬಹಳಷ್ಟಕ್ಕೆ ಕಾರಣ ಆರ್‌ಎಸ್‌ವಿ ಅನ್ನೋ ವೈರಸ್. ಇಷ್ಟೆಲ್ಲ ದಿನಾ ನೋಡ್ತಿದ್ದ ನನಗೇ 2018ರಲ್ಲಿ ಸ್ವಂತ ಮಗನಿಗೆ ಬಂದಾಗ ಒಂದೂವರೆ ದಿನ ತಿಳೀಲಿಲ್ಲ. ಅವನಿಗಾಗ ಎರಡು ತಿಂಗಳು. ಮೂಗು ಸೋರ್ತಿತ್ತು, ಜ್ವರ ಅಂಥಾದ್ದೇನಿಲ್ಲ. ಹತ್ತಿರದ ಕ್ಲಿನಿಕ್ಕಲ್ಲಿ ಆಂಟಿಬಯೋಟಿಕ್ಕು, ಕೆಮ್ಮಿನ ಸಿರಪ್ಪು ಬರ್ಕೊಟ್ರು, ವೈರಸ್ಸಿಗೆ ಆಂಟಿಬಯೋಟಿಕ್ ಕೆಲಸ ಮಾಡಲ್ಲ ಅಂತ ಗೊತ್ತಿದ್ರೂ ಹೆದರಿಕೆಯಲ್ಲಿ ಕೊಟ್ಟೆ. ರಾತ್ರಿ ನಾಲ್ಕು ಗುಟುಕು ಕುಡಿಯೋದು, ಬಿಡೋದು, ಮತ್ತೆ ಬಾಯಿ ಹಾಕೋದು, ಬಿಡೋದು. ಅಂಗಿ ಎತ್ತಿ ನೋಡಿದ್ರೆ ಒಂದೊಂದು ಉಸಿರಿಗೂ ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಹೋಗ್ತಿತ್ತು, ಎಣಿಸಿದೆ, ನಿಮಿಷಕ್ಕೆ 68. ಐದು ದಿನ ಆಸ್ಪತ್ರೆ, ಆಕ್ಸಿಜನ್, ಮೂಗಿಗೆ ಪೈಪ್ ಹಾಕಿ ಹಾಲು. ಇದಕ್ಕೆ ಅಂತ ಬೇರೆ ಔಷಧ ಇಲ್ಲ, ತಾನಾಗೇ ಇಳಿಯೋ ತನಕ ಕೂಸಿಗೆ ಉಸಿರಾಡೋಕೆ, ಹೊಟ್ಟೆ ತುಂಬೋಕೆ ನಾವು ಆಸರೆ ಕೊಡ್ಬೇಕು ಅಷ್ಟೇ.

2022ರ ಜುಲೈನಲ್ಲಿ ಮಗಳು ಹುಟ್ಟಿದಳು, 35 ವಾರಕ್ಕೇ. ದೊಡ್ಡವನು ಆಗಷ್ಟೇ ಜೂನಿಯರ್ ಕೆಜಿಗೆ ಹೋಗ್ತಿದ್ದ. ಎರಡು ವರ್ಷ ತುಂಬೋದ್ರೊಳಗೆ ಹೆಚ್ಚುಕಮ್ಮಿ ಎಲ್ಲಾ ಮಕ್ಕಳಿಗೂ ಈ ವೈರಸ್ ಒಂದು ಸಲ ಬಂದೇ ಬರುತ್ತೆ, ದೊಡ್ಡ ಮಕ್ಕಳಿಗೆ ಅದು ಬರೀ ನೆಗಡಿ, ಅದೇ ಎಳೆ ಕೂಸಿನ ಶ್ವಾಸಕೋಶದ ಸಣ್ಣ ನಾಳಗಳಿಗೆ ಇಳಿದ್ರೆ ಊತ, ಕಫ ಸೇರಿ ನಾಳವೇ ಮುಚ್ಚುತ್ತೆ. ಹಾಗಾಗಿ ಬರೋದೇ ಬೇಡ ಅನ್ನೋ ಆಸೆ ನನಗಿರಲಿಲ್ಲ, ಮೊದಲ ಆರು ತಿಂಗಳು ಹೇಗಾದ್ರೂ ಮುಂದೂಡ್ಬೇಕು, ಅಷ್ಟೇ ಗುರಿ.

ಮಗ ಸ್ಕೂಲಿಂದ ಬಂದ್ರೆ ಬ್ಯಾಗ್ ಬಾಗಿಲ ಹತ್ರ, ಸೀದಾ ಬಾತ್‌ರೂಮು, ಸೋಪು ಹಚ್ಚಿ ಕೈ, ಆಮೇಲೆ ಯೂನಿಫಾರ್ಮ್ ಬಿಚ್ಚಿ ಬೇರೆ ಅಂಗಿ, ಆಮೇಲೆ ತಂಗಿ. ಮುತ್ತು ಕೊಡಬೇಡ ಅಂತ ನಾಲ್ಕು ವರ್ಷದ ಹುಡುಗನಿಗೆ ಹೇಳೋಕಾಗುತ್ತಾ? ಮುಖಕ್ಕೆ ಬೇಡ, ಕೈಗೂ ಬೇಡ ಯಾಕಂದ್ರೆ ಕೂಸು ಕೈ ಬಾಯಿಗೆ ಹಾಕ್ಕೊಳ್ಳುತ್ತೆ, ಅಂಗಾಲಿಗೆ ಕೊಡು ಅಂದೆ. ದಿನಾ ತೊಟ್ಟಿಲ ಆ ತುದಿಗೆ ನಿಂತು, ಕಾಲುಚೀಲ ಎಳೆದು ಮುತ್ತು ಕೊಟ್ಟು, ಮತ್ತೆ ತಾನೇ ಹಾಕ್ತಿದ್ದ. ಅವನಿಗೆ ನೆಗಡಿ ಬಂದ ದಿನ ಅಜ್ಜಿ ಜೊತೆ ಹಾಲ್‌ನಲ್ಲಿ ಮಲಗ್ತಿದ್ದ. ಗಿಲಕಿ, ತೊಟ್ಟಿಲ ಕಂಬಿ, ನಮ್ಮ ಮೊಬೈಲು ಎಲ್ಲ ಒರೆಸ್ತಿದ್ವಿ, ಗಟ್ಟಿ ವಸ್ತು ಮೇಲೆ ಈ ವೈರಸ್ ತಾಸುಗಟ್ಟಲೆ ಬದುಕಿರುತ್ತೆ.

ಕಷ್ಟ ಆಗಿದ್ದು ಹಿರಿಯರಿಗೆ ಹೇಳೋದು. ನಮ್ಮ ಅತ್ತಿಯವರು ಕೂಸಿಗೆ ಎರೆದ ಮೇಲೆ ಶೇಗಡಿಯಲ್ಲಿ ಲೋಬಾನ ಹಾಕಿ ಹೊಗೆ ಹಿಡಿಯೋರು, ಮೂಗಿಗೆ ಎಣ್ಣೆ ಬಿಡೋರು. "ನಮ್ಮ ಕಾಲದಾಗ ಎಲ್ಲಾ ಕೂಸಿಗೂ ಹಿಡದೇವಿ, ಏನಾಗೇತಿ?" ಅಂದ್ರು. "ಅತ್ತಿಯವರ, ದೊಡ್ಡಾಂವನ ಎದಿ ಹೆಂಗ ಒಳಗ ಹೋಗ್ತಿತ್ತು ನೆನಪೈತಿಲ್ರಿ, ಹೊಗಿ ಆ ನಾಳಕ್ಕ ಇನ್ನೂ ತ್ರಾಸ ಕೊಡ್ತೈತ್ರಿ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಶೇಗಡಿ ಎತ್ತಿ ಅಟ್ಟಕ್ಕೆ ಇಟ್ರು. ಎಣ್ಣೆ ಹಚ್ಚಿ ಎರೆಯೋದು ಅವರೇ ಮುಂದುವರಿಸಿದ್ರು. ತೊಟ್ಟಿಲ ಕಾರ್ಯಕ್ರಮ ಮನೆ ಮಂದಿ ಮಟ್ಟಿಗೆ ಮಾಡಿದ್ವಿ, ಸೊಲ್ಲಾಪುರದ ಬಳಗಕ್ಕೆ ಬೇಜಾರಾಯ್ತು, ಇರ್ಲಿ.

ಇಷ್ಟೆಲ್ಲ ಮಾಡಿದ್ರೂ ಅಕ್ಟೋಬರ್ ಕೊನೆಗೆ ಬಂತು. ಅಣ್ಣನಿಗೆ ನೆಗಡಿ ಆಗಿ ಐದನೇ ದಿನಕ್ಕೆ ತಂಗಿ ಮೂಗು ಕಟ್ಟಿತು. ಡಾಕ್ಟರ್ ನೋಡಿ ಅಡ್ಮಿಟ್ ಬೇಡ ಅಂದ್ರು, ಟೆಸ್ಟ್ ಮಾಡಿಸಲಿಲ್ಲ, ಹಾಗಾಗಿ ಆರ್‌ಎಸ್‌ವಿನೇ ಅಂತ ಖಾತ್ರಿಯಾಗಿ ಹೇಳಲ್ಲ, ಲಕ್ಷಣ ಅದರದ್ದೇ. ಹಾಲಿಗೆ ಮುಂಚೆ ಎರಡೂ ಹೊಳ್ಳೆಗೆ ಸಲೈನ್ ಡ್ರಾಪ್ಸ್ ಬಿಟ್ಟು, ಒಂದು ನಿಮಿಷ ಬಿಟ್ಟು ರಬ್ಬರ್ ಬಲ್ಬಿನಲ್ಲಿ ಸಿಂಬಳ ಎಳೀತಿದ್ದೆ, ಹಾಲು ಕುಡಿದ ಮೇಲೆ ಮಾಡಿದ್ರೆ ವಾಂತಿ ಆಗುತ್ತೆ. ಸ್ವಲ್ಪ ಸ್ವಲ್ಪ ಹಾಲು, ಪದೇ ಪದೇ. ಮಲಗಿದಾಗ ಹೊಟ್ಟೆ ಏರಿಳಿಯೋದು ನೋಡ್ತಾ ಉಸಿರು ಎಣಿಸ್ತಿದ್ದೆ, ಪೂರ್ತಿ ಒಂದು ನಿಮಿಷ, ಯಾಕಂದ್ರೆ ಕೂಸುಗಳು ನಾಲ್ಕು ಉಸಿರು ಜೋರಾಗಿ ತಗೊಂಡು ಆಮೇಲೆ ನಿಧಾನ ಆಗ್ತವೆ, ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಿದ್ರೆ ಲೆಕ್ಕ ತಪ್ಪುತ್ತೆ. ಎರಡು ತಿಂಗಳೊಳಗಿನ ಕೂಸಿಗೆ 60, ಎರಡು ತಿಂಗಳಿಂದ ಒಂದು ವರ್ಷದ ತನಕ 50, ಅದಕ್ಕೆ ಮುಟ್ಟಿದ್ರೆ ಅಥವಾ ದಾಟಿದ್ರೆ ಕಾಯಬಾರದು. ಕ್ಯಾಲೆಂಡರ್ ಹಿಂದೆ ಬರೀತಿದ್ದೆ: 42, 46, 48. ಮೂರರಿಂದ ಐದನೇ ದಿನದಲ್ಲೇ ಜಾಸ್ತಿ ಆಗೋದು, 48 ಬಂದ ರಾತ್ರಿ ಬ್ಯಾಗ್ ರೆಡಿ ಮಾಡಿಟ್ಟು ಕೂತಿದ್ದೆ. ಬೆಳಗ್ಗೆ 44. ಎರಡು ವಾರ ಕೆಮ್ಮು ಉಳೀತು, ಅಷ್ಟೇ. ಪಕ್ಕೆ ಒಳಗೆ ಸೇದೋದು, ಹಾಲು ಅರ್ಧಕ್ಕಿಂತ ಕಮ್ಮಿ ಆಗೋದು, ಒದ್ದೆ ನ್ಯಾಪಿ ಕಮ್ಮಿ ಆಗೋದು, ಇದ್ರಲ್ಲಿ ಒಂದು ಕಂಡ್ರೂ ಆಸ್ಪತ್ರೆಗೆ ಹೋಗಿ, ತುಟಿ ನೀಲಿ ಆದ್ರೆ ಅಥವಾ ಉಸಿರು ನಿಂತು ನಿಂತು ಬಂದ್ರೆ ಒಂದು ಕ್ಷಣಾನೂ ತಡ ಮಾಡ್ಬೇಡಿ.

ಆಗ ನಮ್ಮ ಕೈಗೆ ಸಿಗದೇ ಇದ್ದದ್ದು ಈಗ ಬಂದಿದೆ. ಗರ್ಭಿಣಿಗೆ ಕೊಡೋ ಲಸಿಕೆ ಒಂದು, ಅದರಿಂದ ತಾಯಿಯ ಪ್ರತಿಕಾಯ, ಅಂದ್ರೆ ರೋಗದ ವಿರುದ್ಧ ಹೋರಾಡೋ ಅಂಶ, ಕೂಸಿಗೆ ಹೋಗುತ್ತೆ. ಇನ್ನೊಂದು ನಿರ್ಸೆವಿಮಾಬ್ ಅನ್ನೋ ಇಂಜೆಕ್ಷನ್, ಕೂಸಿಗೇ ರೆಡಿ ಪ್ರತಿಕಾಯ ಕೊಡೋದು, ಒಂದೇ ಡೋಸು. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎರಡನ್ನೂ ಶಿಫಾರಸು ಮಾಡಿದೆ, ಲಸಿಕೆ ಗರ್ಭಕ್ಕೆ 28 ವಾರ ಆದ ಮೇಲೆ. ನನ್ನ ತಂಗಿ ಈಗ ಏಳು ತಿಂಗಳ ಗರ್ಭಿಣಿ, ಹಡಪ್ಸರ್‌ನಲ್ಲಿದ್ದಾಳೆ. ಎರಡರಲ್ಲಿ ಯಾವುದು ಸಿಗುತ್ತೆ, ಯಾವಾಗ ತಗೋಬೇಕು ಅಂತ ಕೇಳೋಕೆ ಗುರುವಾರ ಅವಳ ಚೆಕಪ್ಪಿಗೆ ನಾನೂ ಹೋಗ್ತಿದೀನಿ.