ಬೈಕಿನ ಟಯರ್ ಬದಲಿಸುವಾಗ ನಾನು ನೋಡುವುದು, ಮಾಡುವುದು

ಟಯರ್ ಬದಲಿಸುವುದಿದ್ದರೆ ಮೇ ಮಧ್ಯದೊಳಗೆ ಮುಗಿಸುವುದು ನನ್ನ ರೂಢಿ. ಹೊಸ ಟಯರಿನ ಮೈಮೇಲೆ ಅಚ್ಚಿನಿಂದ ಬಂದ ನುಣುಪು ಇರುತ್ತದೆ. ಅದು ಸವೆದು ರಬ್ಬರಿನ ಒರಟು ಮೇಲೆ ಬರಲು 150–200 ಕಿ.ಮೀ. ಒಣ ರಸ್ತೆ ಬೇಕು. ಜೂನ್ ಮೊದಲ ವಾರ ಮಳೆ ಹಿಡಿಯಿತೆಂದರೆ ನಮ್ಮ ಉತ್ತರ ಕನ್ನಡದಲ್ಲಿ ಅಂಥ ಒಣ ರಸ್ತೆ ಮತ್ತೆ ಸಿಗುವುದು ನವರಾತ್ರಿಯ ಹೊತ್ತಿಗೆ. ಜುಲೈಯಲ್ಲಿ ಹೊಸ ಟಯರ್ ಹಾಕಿಸಿಕೊಂಡು ಅದೇ ದಿನ ದೇವಿಮನೆ ಘಟ್ಟ ಇಳಿಯುವುದು ಅಪಾಯ. ಹಳೆಯ ಸವೆದ ಟಯರಿಗಿಂತ ಆ ದಿನ ಹೊಸದೇ ಹೆಚ್ಚು ಜಾರಬಹುದು.

ಬದಲಿಸುವ ಕಾಲ ಬಂತೇ ಎಂದು ತಿಳಿಯಲು ಟಯರಿನ ಪಕ್ಕದ ಗೋಡೆಯಲ್ಲಿ ಸಣ್ಣ ತ್ರಿಕೋನ ಅಥವಾ ಟಿಡಬ್ಲ್ಯೂಐ ಎಂಬ ಗುರುತು ಹುಡುಕಿ. ಅದರ ನೇರಕ್ಕೆ ಟಯರಿನ ಮೈಮೇಲಿನ ಸೀಳಿನ ತಳದಲ್ಲಿ ಒಂದು ದಿಬ್ಬ ಇರುತ್ತದೆ. ಮೇಲಿನ ರಬ್ಬರ್ ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಟಯರ್ ಮುಗಿಯಿತು. ಆದರೆ ಅಲ್ಲಿಯವರೆಗೆ ಕಾಯುವುದು ಬಯಲುಸೀಮೆಗೆ ಸರಿಯೇನೋ, ಇಲ್ಲಿಗೆ ಅಲ್ಲ. ನಾನು 2 ಮಿ.ಮೀ. ಉಳಿದಾಗಲೇ ತೆಗೆಯುತ್ತೇನೆ. ಬೆಂಕಿಕಡ್ಡಿಯ ದಪ್ಪ ಸುಮಾರು ಅಷ್ಟೇ. ಟಯರಿನ ನಡುವಿನ ಸೀಳಿನಲ್ಲಿ ಕಡ್ಡಿಯನ್ನು ಮಲಗಿಸಿ, ಮೇಲೆ ಬೆರಳಾಡಿಸಿ. ಕಡ್ಡಿ ಬೆರಳಿಗೆ ತಾಗಿದರೆ ಆ ಮಳೆಗಾಲಕ್ಕೆ ಆ ಟಯರ್ ಸಾಲದು.

ಸವೆದ ಆಕಾರವನ್ನೂ ನೋಡಬೇಕು. ದಿನಾ ಕಾರವಾರ–ಅಂಕೋಲಾ–ಕುಮಟಾ ಹೆದ್ದಾರಿ 66ರಲ್ಲಿ ನೇರ ಓಡುವ ಬೈಕಿನ ಹಿಂದಿನ ಟಯರ್ ನಡುವೆ ಮಾತ್ರ ಸವೆದು ಚಪ್ಪಟೆಯಾಗುತ್ತದೆ, ಎರಡೂ ಬದಿ ಹೊಸದರಂತೆ ಉಳಿಯುತ್ತವೆ. ಬದಿಯ ಸೀಳು ನೋಡಿ ಇನ್ನೂ ಓಡುತ್ತದೆ ಎಂದುಕೊಳ್ಳುವವರು ಬಹಳ. ಅದೇ ಬೈಕನ್ನು ಘಟ್ಟದ ತಿರುವಿನಲ್ಲಿ ಓರೆ ಮಾಡಿದಾಗ ಚಪ್ಪಟೆಯ ಅಂಚು ದಾಟುವಲ್ಲಿ ಬೈಕು ತಟ್ಟನೆ ಬೀಳುವಂತೆ ವಾಲುತ್ತದೆ. ಮುಂದಿನ ಟಯರ್ ಅಲೆಯಲೆಯಾಗಿ ಸವೆದಿದ್ದರೆ ಬಹಳ ಸಲ ಕಾರಣ ಗಾಳಿ ಕಡಿಮೆ ಅಥವಾ ಫೋರ್ಕ್ ಆಯಿಲ್ (ಮುಂದಿನ ಶಾಕ್ ಅಬ್ಸಾರ್ಬರಿನ ಎಣ್ಣೆ) ಮುಗಿದಿರುವುದು. ಅದನ್ನು ಸರಿಮಾಡದೆ ಹೊಸ ಟಯರ್ ಹಾಕಿದರೆ ಅದೂ ಹಾಗೆಯೇ ಸವೆಯುತ್ತದೆ.

ಓಡಿಸದೆ ನಿಲ್ಲಿಸಿದ ಬೈಕಿನ ಕಥೆ ಬೇರೆ. ಸೀಳು ಪೂರ್ತಿ ಇದ್ದರೂ ರಬ್ಬರ್ ಒಣಗಿ ಗಟ್ಟಿಯಾಗಿರುತ್ತದೆ. ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಸೀಳಿನ ತಳ ನೋಡಿ, ಕೂದಲೆಳೆಯಂಥ ಬಿರುಕು ಕಂಡರೆ ಬದಲಿಸಿ. ತಯಾರಾದ ದಿನ ಟಯರಿನ ಮೇಲೇ ಇರುತ್ತದೆ: ಅಂಡಾಕಾರದ ಚೌಕಟ್ಟಿನೊಳಗಿನ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2324 ಎಂದರೆ 2024ರ 23ನೇ ವಾರ. ಅಂಗಡಿಯಲ್ಲಿ ಹಣ ಕೊಡುವ ಮೊದಲು ಇದನ್ನು ಓದಿ. ಒಂದು ವರ್ಷದೊಳಗಿನದು ಸಿಗದಿದ್ದರೆ ತರಿಸಿಕೊಡಿ ಎನ್ನಿ, ಎರಡು ದಿನ ಕಾಯುವುದರಲ್ಲಿ ನಷ್ಟವಿಲ್ಲ. ಐದು ವರ್ಷ ದಾಟಿದ ಟಯರನ್ನು ನಾನು ಎಷ್ಟೇ ಚೆನ್ನಾಗಿ ಕಂಡರೂ ಮಳೆಗೆ ನಂಬುವುದಿಲ್ಲ.

ಅಳತೆಗೆ ಬರೋಣ. 100/90-17 55ಪಿ ಎಂದಿದ್ದರೆ ಅಗಲ 100 ಮಿ.ಮೀ., ಗೋಡೆಯ ಎತ್ತರ ಅದರ ಶೇ. 90, ರಿಮ್ 17 ಇಂಚು. 55 ಎಂಬುದು ಆ ಟಯರ್ ಹೊರಬಲ್ಲ ಭಾರದ ಸಂಕೇತ, ಅಂದರೆ 218 ಕೆ.ಜಿ. ಪಿ ಎಂದರೆ ಗಂಟೆಗೆ 150 ಕಿ.ಮೀ. ವರೆಗಿನ ವೇಗ. ಭಾರದ ಅಂಕಿಯನ್ನು ಯಾರೂ ನೋಡುವುದಿಲ್ಲ, ನಮ್ಮಲ್ಲಿ ಮಾತ್ರ ನೋಡಲೇಬೇಕು. ಅಡಿಕೆ ಮೂಟೆ, ಹಾಲಿನ ಕ್ಯಾನು, ಗೊಬ್ಬರದ ಚೀಲ ಹೇರುವ ಬೈಕಿನ ಹಿಂದಕ್ಕೆ 47ರ ಟಯರ್ ಹಾಕಿದರೆ ಅದು ಹೊರುವುದು 175 ಕೆ.ಜಿ. ಮಾತ್ರ. 80/100-18 ಅಳತೆಯಲ್ಲೇ 47ರದ್ದೂ ಇದೆ, 212 ಕೆ.ಜಿ. ಹೊರುವ 54ರದ್ದೂ ಇದೆ. ಎರಡೂ ನೋಡಲು ಒಂದೇ.

ಅಗಲದ ಟಯರ್ ಹಾಕಿಸಿಕೊಳ್ಳುವ ಆಸೆ ಹುಡುಗರಲ್ಲಿ ಬಹಳ. 100/90-17 ಇದ್ದಲ್ಲಿ 120/80-17 ಹಾಕಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ. ಮೊದಲಿನದರ ಒಟ್ಟು ಎತ್ತರ ಸುಮಾರು 612 ಮಿ.ಮೀ., ಎರಡನೆಯದರದು 624. ಎತ್ತರದ ವ್ಯತ್ಯಾಸ ದೊಡ್ಡದಲ್ಲ. ತೊಂದರೆ ಇರುವುದು ರಿಮ್ಮಿನಲ್ಲಿ. ಕಿರಿದಾದ ರಿಮ್ ಅಗಲದ ಟಯರಿನ ಎರಡೂ ಬೀಡನ್ನು (ರಿಮ್ಮಿನಲ್ಲಿ ಕೂರುವ ಗಟ್ಟಿ ಅಂಚು) ಹತ್ತಿರಕ್ಕೆ ಎಳೆದು ಹಿಡಿಯುತ್ತದೆ, ಟಯರಿನ ಬೆನ್ನು ಗೂನಾಗುತ್ತದೆ. ಆಗ ನೆಲಕ್ಕೆ ತಾಗುವ ಜಾಗ ಹೆಚ್ಚುವ ಬದಲು ನಡುವಿಗೆ ಸರಿಯುತ್ತದೆ, ಟಯರ್ ಅಲ್ಲೇ ಬೇಗ ಸವೆಯುತ್ತದೆ. ಜೊತೆಗೆ ಚೈನು, ಮಡ್‌ಗಾರ್ಡ್ ಉಜ್ಜುವುದು ಬೇರೆ. ಮಳೆಗಾಲದಲ್ಲಿ ಕೆಂಪು ಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿ ಚಕ್ರವೇ ತಿರುಗದ ಹಾಗಾಗುವುದನ್ನು ಸಿದ್ದಾಪುರದ ಕಡೆಯ ತೋಟದ ರಸ್ತೆಗಳಲ್ಲಿ ಕಾಣಬಹುದು. ಕಂಪನಿ ಕೊಟ್ಟ ಅಳತೆಯನ್ನೇ ಇಟ್ಟುಕೊಳ್ಳಿ. ಹಳೆಯ ಸ್ಪ್ಲೆಂಡರಿನ 2.75-18ರ ಜಾಗಕ್ಕೆ 80/100-18 ಹಾಕುವಷ್ಟು ಬದಲಾವಣೆ ನಡೆಯುತ್ತದೆ. ಅದಕ್ಕಿಂತ ಮುಂದೆ ಹೋಗುವುದು ಬೇಡ.

ಸೀಳಿನ ವಿನ್ಯಾಸದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ನಮ್ಮ ಜಿಲ್ಲೆಯಲ್ಲಿ ಒಂದೇ ದಿನದಲ್ಲಿ ಮೂರು ಬಗೆಯ ನೆಲ ಸಿಗುತ್ತದೆ. ಹೆದ್ದಾರಿಯ ಡಾಂಬರಿನ ಮೇಲೆ ಮರಳು, ಮೀನಿನ ಲಾರಿಯಿಂದ ಸೋರಿದ ಜಿಡ್ಡು ನೀರು. ಘಟ್ಟದಲ್ಲಿ ಮರದ ನೆರಳಿನಲ್ಲಿ ತಿಂಗಳುಗಟ್ಟಲೆ ಒಣಗದ ರಸ್ತೆ. ಮೇಲೆ ಶಿರಸಿ, ಯಲ್ಲಾಪುರದ ಒಳಗೆ ಹೋದರೆ ಕೆಂಪು ಮಣ್ಣಿನ ಮನೆ ದಾರಿ. ಮೈತುಂಬ ರಬ್ಬರಿನ ಗುಬ್ಬಿಗಳಿರುವ ಬಟನ್ ಟಯರ್ ಈ ಮೂರನೆಯದಕ್ಕೆ ಮಾತ್ರ ಹೇಳಿ ಮಾಡಿಸಿದ್ದು. ಬಟನ್‌ಗಳ ನಡುವಿನ ಅಗಲವಾದ ಜಾಗದಿಂದ ಮಣ್ಣು ಸಿಡಿದು ಹೋಗುತ್ತದೆ, ಹಾಗಾಗಿ ಕೆಸರಿನಲ್ಲಿ ಹಿಡಿತ ಸಿಗುತ್ತದೆ. ಆದರೆ ಒದ್ದೆ ಡಾಂಬರಿನಲ್ಲಿ ನೆಲಕ್ಕೆ ತಾಗುವ ರಬ್ಬರೇ ಕಡಿಮೆ, ತಿರುವಿನಲ್ಲಿ ಬಟನ್‌ಗಳು ಬಾಗಿ ಬೈಕು ಓಲಾಡುತ್ತದೆ. ಅರಬೈಲಿನಂಥ ಘಟ್ಟ ದಿನಾ ಇಳಿದು ಹತ್ತುವವರಿಗೆ ಅದು ಬೇಡವೇ ಬೇಡ. ತೋಟದ ಮನೆಯವರು ಹಿಂದಕ್ಕೆ ರಸ್ತೆಗೂ ಮಣ್ಣಿಗೂ ಆಗುವ ಮಧ್ಯಮ ವಿನ್ಯಾಸ, ಮುಂದಕ್ಕೆ ರಸ್ತೆಯದೇ ವಿನ್ಯಾಸ ಹಾಕಿಸಿಕೊಂಡರೆ ಸಾಕು.

ಮುಂದಿನ ಟಯರಿಗೆ ಖರ್ಚು ಉಳಿಸಬೇಡಿ. ಹಿಂದಿನದು ಜಾರಿದರೆ ಬೈಕಿನ ಬಾಲ ಅಲ್ಲಾಡುತ್ತದೆ, ಬಹಳ ಸಲ ಸಂಭಾಳಿಸಬಹುದು. ಮುಂದಿನದು ಜಾರಿತೆಂದರೆ ಕೈಕಾಲು ಆಡಿಸುವಷ್ಟರಲ್ಲಿ ನೆಲದ ಮೇಲಿರುತ್ತೀರಿ. ಎಂಆರ್‌ಎಫ್, ಸಿಯೆಟ್, ಟಿವಿಎಸ್ ಎಲ್ಲರಲ್ಲೂ ಹೆಚ್ಚು ಕಿಲೋಮೀಟರಿಗೆಂದು ಮಾಡಿದ ಗಟ್ಟಿ ರಬ್ಬರಿನ ಟಯರೂ ಇದೆ, ಹಿಡಿತಕ್ಕೆಂದು ಮಾಡಿದ ಮೆದು ರಬ್ಬರಿನದೂ ಇದೆ. ಕಂಪನಿಯ ಹೆಸರಿಗಿಂತ ಈ ಎರಡರಲ್ಲಿ ಯಾವುದು ಎಂದು ಕೇಳುವುದು ಮುಖ್ಯ. ಮುಂದಕ್ಕೆ ಮೆದುವಿನದೇ ಇರಲಿ. ಮತ್ತೊಂದು ಮಾತು, ರಸ್ತೆಯ ಮೇಲಿನ ಹಾವಸೆಗೆ ಯಾವ ಟಯರೂ ಇಲ್ಲ. ಅಲ್ಲಿ ಬೈಕು ನೆಟ್ಟಗಿರಬೇಕು, ಬ್ರೇಕ್ ಮುಟ್ಟಬಾರದು.

ಈಗ ಕರಾವಳಿಯಲ್ಲಿ ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವ ವಿಷಯ. ವಾರಕ್ಕೆ ನಾಲ್ಕೈದು ಪಿಎಸ್ಐ (ಗಾಳಿಯ ಒತ್ತಡದ ಅಳತೆ) ಗಾಳಿ ಇಳಿಯುತ್ತದೆ, ಮೊಳೆ ಎಲ್ಲೂ ಇಲ್ಲ, ಟಯರ್ ಸರಿಯಿಲ್ಲ ಎಂದು ಹೊಸದು ಹಾಕಿಸುತ್ತಾರೆ, ಮತ್ತೆ ಇಳಿಯುತ್ತದೆ. ತಪ್ಪು ರಿಮ್ಮಿನದು. ಕಾರವಾರ, ಬೈತಕೋಲ, ಗೋಕರ್ಣ, ಹೊನ್ನಾವರದ ಉಪ್ಪುಗಾಳಿಗೆ ಅಲಾಯ್ ರಿಮ್ಮಿನ ಒಳಅಂಚು, ಅಂದರೆ ಟಯರಿನ ಬೀಡ್ ಕೂರುವ ಜಾಗ, ಬಣ್ಣ ಗುಳ್ಳೆಯೆದ್ದು ಕೆಳಗೆ ಅಲ್ಯೂಮಿನಿಯಂ ಸುಣ್ಣದ ಪುಡಿಯಂತೆ ಬೆಳ್ಳಗೆ ಉಬ್ಬುತ್ತದೆ. ಉಗುರಿನಿಂದ ಕೆರೆದರೆ ಪದರ ಪದರವಾಗಿ ಏಳುತ್ತದೆ. ಆ ಉಬ್ಬು ತಗ್ಗುಗಳ ನಡುವಿನಿಂದ ಗಾಳಿ ನುಸುಳುತ್ತದೆ. ಟಯರ್ ಬಿಚ್ಚಿದ ಹೊತ್ತಿನಲ್ಲಿ ಬಿಟ್ಟರೆ ಇದನ್ನು ಸರಿಮಾಡಲು ಬೇರೆ ಅವಕಾಶವಿಲ್ಲ, ಹಾಗಾಗಿ ಅಂಗಡಿಯವ ಅವಸರ ಮಾಡಿದರೂ ನಾನು ನಿಲ್ಲಿಸುತ್ತೇನೆ.

ಮೊದಲು ತೆಂಗಿನ ನಾರಿಗೆ ಸೋಪು ಹಚ್ಚಿ ಸುತ್ತಲೂ ಉಜ್ಜಿ ಹಳೆಯ ರಬ್ಬರ್, ಉಪ್ಪು ತೆಗೆಯಬೇಕು. ಆಮೇಲೆ 320 ನಂಬರಿನ ವಾಟರ್ ಪೇಪರ್ ಒದ್ದೆ ಮಾಡಿ ಬಿಳಿ ಉಬ್ಬು ಹೋಗುವವರೆಗೆ ಉಜ್ಜಿ, 600ರಿಂದ ನಯ ಮಾಡಿ. ರಿಮ್ಮಿನ ಸುತ್ತಿನ ದಿಕ್ಕಿಗೇ ಉಜ್ಜಬೇಕು. ಅಡ್ಡ ಉಜ್ಜಿದರೆ ಆ ಗೀರುಗಳೇ ಗಾಳಿ ಹೋಗುವ ದಾರಿಯಾಗುತ್ತವೆ. ಗ್ರೈಂಡರ್ ಹಿಡಿಯಬಾರದು, ಆಳ ತಿಂದುಬಿಡುತ್ತದೆ. ತೊಳೆದು, ಒರೆಸಿ, ಪೂರ್ತಿ ಒಣಗಿದ ಮೇಲೆ ಸಣ್ಣ ಗುಳಿಗಳು ಉಳಿದಿದ್ದರೆ ಬೀಡ್ ಸೀಲರ್ ತೆಳ್ಳಗೆ ಒಂದು ಕೈ. ರಬ್ಬರಿನ ವಾಲ್ವನ್ನೂ ಇದೇ ಹೊತ್ತಿಗೆ ಹೊಸದು ಹಾಕಿಸಿ. ಬುಡದಲ್ಲಿ ಬಗ್ಗಿಸಿ ನೋಡಿದರೆ ಹಳೆಯದರಲ್ಲಿ ಬಿರುಕು ಕಾಣುತ್ತದೆ. ಹಣ ಉಳಿಸಲು ಇಂಥ ರಿಮ್ಮಿಗೆ ಟ್ಯೂಬ್ ಹಾಕಿಸುವವರಿದ್ದಾರೆ. ಓಡುತ್ತದೆ ನಿಜ, ಆದರೆ ಮೊಳೆ ಚುಚ್ಚಿದಾಗ ಟ್ಯೂಬ್‌ಲೆಸ್ಸಿನಂತೆ ನಿಧಾನ ಇಳಿಯದೆ ಒಮ್ಮೆಲೇ ಗಾಳಿ ಹೋಗುತ್ತದೆ.

ಕಡ್ಡಿ (ಸ್ಪೋಕ್) ಚಕ್ರವಾದರೆ ಕಬ್ಬಿಣದ ರಿಮ್ಮಿನ ಒಳಗೆ ತುಕ್ಕು. ವೈರ್ ಬ್ರಷ್‌ನಿಂದ ಉಜ್ಜಿ, ರೆಡ್ ಆಕ್ಸೈಡ್ ಬಳಿದು ಒಣಗಿಸಿ, ಕಡ್ಡಿಯ ನಿಪ್ಪಲ್‌ಗಳ ಮೇಲೆ ಹೊಸ ರಿಮ್ ಟೇಪ್ ಹಾಕಬೇಕು. ಎದ್ದ ಕ್ರೋಮಿನ ಚಕ್ಕೆ ಬ್ಲೇಡಿನಂತಿರುತ್ತದೆ, ಟ್ಯೂಬನ್ನು ಒಳಗಿಂದಲೇ ಕೊಯ್ಯುತ್ತದೆ. ಹೊಸ ಟಯರಿಗೆ ಹೊಸ ಟ್ಯೂಬ್ ಹಾಕಿ. ಹಳೆಯ ಟ್ಯೂಬ್ ಹಿಗ್ಗಿ ದೊಡ್ಡದಾಗಿರುತ್ತದೆ, ಒಳಗೆ ಮಡಿಕೆ ಬಿದ್ದು ಆ ಮಡಿಕೆಯಲ್ಲೇ ಸೀಳುತ್ತದೆ.

ಮನೆಯಲ್ಲೇ ಮಾಡುವವರು ಆಕ್ಸಲ್ ನಟ್, ಚೈನ್ ಅಡ್ಜಸ್ಟರಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಒಣ ತುಕ್ಕಿನ ಮೇಲೆ ಪಾನ ಹಾಕಿ ಜಗ್ಗಿದರೆ ಅಡ್ಜಸ್ಟರ್ ಬೋಲ್ಟ್ ಮುರಿಯುತ್ತದೆ. ಬೈಕು ಡಬಲ್ ಸ್ಟ್ಯಾಂಡ್ ಮೇಲೆ. ಬ್ರೇಕ್ ರಾಡ್, ಡ್ರಮ್ ಪ್ಲೇಟ್ ಹಿಡಿದ ಪಟ್ಟಿಯ ಬೋಲ್ಟ್, ಆಮೇಲೆ ಆಕ್ಸಲ್. ಎಡ, ಬಲದ ಬುಷ್‌ಗಳನ್ನು ಬಿಚ್ಚಿದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿಡಿ. ಡಿಸ್ಕ್ ಬ್ರೇಕಾದರೆ ಚಕ್ರ ತೆಗೆದ ಕೂಡಲೇ ಪ್ಯಾಡ್‌ಗಳ ನಡುವೆ ರಟ್ಟಿನ ತುಂಡು ಸಿಕ್ಕಿಸಿ. ಯಾರಾದರೂ ಬ್ರೇಕ್ ಲಿವರ್ ಒತ್ತಿದರೆ ಪಿಸ್ಟನ್ ಹೊರಗೆ ಬಂದು ಮತ್ತೆ ಚಕ್ರ ಕೂರುವುದಿಲ್ಲ.

ಟಯರ್ ಬಿಚ್ಚುವುದರಲ್ಲಿ, ಹಾಕುವುದರಲ್ಲಿ ಬಲಕ್ಕಿಂತ ಒಂದು ಉಪಾಯ ಮುಖ್ಯ. ರಿಮ್ಮಿನ ನಡುವೆ ತಗ್ಗು ಇದೆ. ಒಂದು ಬದಿಯ ಬೀಡ್ ಆ ತಗ್ಗಿಗೆ ಇಳಿದರೆ ಮಾತ್ರ ಎದುರು ಬದಿಯಲ್ಲಿ ಟಯರ್ ಎತ್ತುವ ಲಿವರಿಗೆ ಸಡಿಲ ಸಿಗುತ್ತದೆ. ಮೊಣಕಾಲಿನಿಂದ ಒತ್ತಿ ತಗ್ಗಿಗೆ ಇಳಿಸಿ, 10–12 ಇಂಚಿನ ಎರಡು ಲಿವರ್ ಸಾಕು. ಲಿವರ್ ಬಗ್ಗುವಷ್ಟು ಜಗ್ಗಬೇಕಾಗಿ ಬಂದರೆ ಬೀಡ್ ತಗ್ಗಿನಲ್ಲಿಲ್ಲ ಎಂದು ತಿಳಿಯಿರಿ. ಜಾರಲು ಸೋಪಿನ ನೀರೇ ಬೇಕು. ಕೊಬ್ಬರಿ ಎಣ್ಣೆ ಸವರುವುದುಂಟು, ಅದು ಒಣಗುವುದಿಲ್ಲ. ಬ್ರೇಕ್ ಹೊಡೆದಾಗ ಟಯರ್ ರಿಮ್ಮಿನ ಮೇಲೆ ಜರುಗಿ ಟ್ಯೂಬಿನ ವಾಲ್ವ್ ಬುಡದಿಂದ ಹರಿಯುತ್ತದೆ. ಸೀಮೆಎಣ್ಣೆ, ಗ್ರೀಸು ರಬ್ಬರನ್ನೇ ಕೆಡಿಸುತ್ತವೆ.

ಹಾಕುವ ಮೊದಲು ಗೋಡೆಯ ಮೇಲಿನ ಬಾಣ ಚಕ್ರ ತಿರುಗುವ ದಿಕ್ಕಿಗಿದೆಯೇ ನೋಡಿ. ಹಳದಿ ಚುಕ್ಕೆ ಇದ್ದರೆ ಅದು ಟಯರಿನ ಹಗುರ ಜಾಗ, ವಾಲ್ವಿನ ನೇರಕ್ಕೆ ಬರಲಿ. ಟ್ಯೂಬಿಗೆ ಟಾಲ್ಕಂ ಪೌಡರ್ ಸವರಿ, ಆಕಾರ ಬರುವಷ್ಟು ಗಾಳಿ ಹಾಕಿ ಒಳಗಿಡಿ. ಎರಡನೇ ಬೀಡನ್ನು ವಾಲ್ವಿನ ಎದುರು ಬದಿಯಿಂದ ಶುರುಮಾಡಿ ವಾಲ್ವಿನ ಹತ್ತಿರ ಮುಗಿಸಬೇಕು. ವಾಲ್ವಿನ ಬಳಿ ಟ್ಯೂಬಿನ ಬುಡವೇ ತಗ್ಗನ್ನು ತುಂಬಿರುತ್ತದೆ, ಅಲ್ಲಿಂದ ಶುರುಮಾಡಿದರೆ ಕೊನೆಯ ಗೇಣಿಗೆ ಸಡಿಲ ಸಿಗುವುದಿಲ್ಲ. ಮುಗಿದ ಮೇಲೆ ವಾಲ್ವನ್ನು ಒಳಕ್ಕೆ ಒತ್ತಿ ಬಿಡಿ, ಬೀಡಿನ ಕೆಳಗೆ ಟ್ಯೂಬ್ ಸಿಕ್ಕಿದ್ದರೆ ಬಿಡಿಸಿಕೊಳ್ಳುತ್ತದೆ.

ಟ್ಯೂಬ್‌ಲೆಸ್ ಆದರೆ ವಾಲ್ವಿನ ಒಳಗಿನ ಪಿನ್ ತೆಗೆದು ಒಮ್ಮೆಲೇ ಗಾಳಿ ತುಂಬಬೇಕು. ಬೀಡ್ ಎರಡು ಸಲ ಟಕ್ಕೆಂದು ಕೂರುತ್ತದೆ. 40 ಪಿಎಸ್ಐ ದಾಟಿದರೂ ಕೂರದಿದ್ದರೆ ಇನ್ನೂ ಹೊಡೆಯಬೇಡಿ, ಗಾಳಿ ಇಳಿಸಿ ಮತ್ತೆ ಸೋಪು ಹಚ್ಚಿ. ಸರಿಯಾಗಿ ಕೂತಿದೆಯೇ ಎಂದು ತಿಳಿಯಲು ಗೋಡೆಯ ಮೇಲೆ ರಿಮ್ಮಿಗೆ ಹತ್ತಿರ ಒಂದು ತೆಳು ಗೆರೆ ಇದೆ. ಆ ಗೆರೆಗೂ ರಿಮ್ಮಿಗೂ ನಡುವಿನ ಅಂತರ ಸುತ್ತಲೂ, ಎರಡೂ ಬದಿ, ಒಂದೇ ಇರಬೇಕು. ಒಂದು ಕಡೆ ಗೆರೆ ಒಳಗೆ ಮುಳುಗಿದ್ದರೆ ಚಕ್ರ ಕುಣಿಯುತ್ತದೆ. ಕೊನೆಗೆ ಎರಡೂ ಅಂಚಿಗೂ ವಾಲ್ವಿಗೂ ಸೋಪಿನ ನೊರೆ ಹಚ್ಚಿ ಐದು ನಿಮಿಷ ಬಿಟ್ಟು ನೋಡಿ. ದೊಡ್ಡ ಗುಳ್ಳೆ ಬರಬೇಕೆಂದಿಲ್ಲ, ಸಾಸಿವೆ ಕಾಳಿನಂಥ ನೊರೆ ಒಂದೇ ಕಡೆ ಗುಂಪಾಗಿ ಬೆಳೆಯುತ್ತಿದ್ದರೂ ಸೋರಿಕೆಯೇ.

ಚಕ್ರ ಮರಳಿ ಕೂರಿಸುವಾಗ ಆಕ್ಸಲ್ ಬಿಗಿಯುವ ಮುನ್ನ ಹಿಂದಿನ ಬ್ರೇಕ್ ಒತ್ತಿ ಹಿಡಿಯಿರಿ, ಡ್ರಮ್ಮಿನೊಳಗೆ ಶೂ ನಡುವಿಗೆ ಬರುತ್ತದೆ. ಚೈನು ಮೇಲೆ ಕೆಳಗೆ 20–30 ಮಿ.ಮೀ. ಆಡಲಿ, ಚೈನ್ ಲಾಕಿನ ಮುಚ್ಚಿದ ತಲೆ ಚೈನು ಓಡುವ ದಿಕ್ಕಿಗಿರಲಿ, ಸ್ಪ್ಲಿಟ್ ಪಿನ್ ಹೊಸದಿರಲಿ. ಬಿಚ್ಚಿದ್ದ ಆಕ್ಸಲಿಗೆ ತೆಳ್ಳಗೆ ಗ್ರೀಸ್ ಸವರಿದರೆ ಮುಂದಿನ ಸಲ ಸುತ್ತಿಗೆ ಬೇಕಾಗುವುದಿಲ್ಲ.

ಗಾಳಿಯ ಲೆಕ್ಕ ಚೈನ್ ಕವರಿನ ಮೇಲಿನ ಸ್ಟಿಕ್ಕರಿನಲ್ಲಿದೆ. 100ರಿಂದ 150 ಸಿಸಿಯ ಅನೇಕ ಬೈಕುಗಳಿಗೆ ಒಬ್ಬರೇ ಕೂತಾಗ ಮುಂದೆ 25, ಹಿಂದೆ 28 ಪಿಎಸ್ಐ, ಇಬ್ಬರಾದರೆ ಹಿಂದೆ ಇನ್ನೂ ಹೆಚ್ಚು. ಬೆಳಿಗ್ಗೆ ತಣ್ಣಗಿರುವಾಗಲೇ ಅಳೆಯಿರಿ. ಹತ್ತು ಡಿಗ್ರಿ ಬಿಸಿಯೇರಿದರೆ ಒಂದೂವರೆ ಪಿಎಸ್ಐ ಹೆಚ್ಚು ತೋರಿಸುತ್ತದೆ. ಕುಮಟಾದಿಂದ ಘಟ್ಟ ಹತ್ತಿ ಬಂದು ಶಿರಸಿಯಲ್ಲಿ ಅಳೆದು, ಜಾಸ್ತಿಯಾಯಿತೆಂದು ಗಾಳಿ ಬಿಟ್ಟರೆ ಮರುದಿನ ಕಡಿಮೆಯಿರುತ್ತದೆ. ಮಳೆಗಾಲಕ್ಕೆ ಗಾಳಿ ಇಳಿಸಿದರೆ ಹಿಡಿತ ಹೆಚ್ಚುತ್ತದೆ ಎಂಬ ಮಾತು ಡಾಂಬರಿಗೆ ಸಲ್ಲದು. ಗಾಳಿ ಕಡಿಮೆಯಾದರೆ ಸೀಳುಗಳು ಮುಚ್ಚಿಕೊಂಡು ನೀರು ಹೊರಹೋಗುವುದಿಲ್ಲ, ಹೊಂಡಕ್ಕೆ ಬಿದ್ದಾಗ ರಿಮ್ ನೆಗ್ಗುತ್ತದೆ.

ಹೊಸ ಟಯರ್ ಹಾಕಿದ ದಿನ ಬಿಲ್ಲಿನ ಹಿಂದೆಯೇ ಗಾಳಿ ಎಷ್ಟೆಂದು ಬರೆದಿಡುತ್ತೇನೆ. ಏಳನೇ ದಿನ ಬೆಳಿಗ್ಗೆ ಅದೇ ಗೇಜಿನಿಂದ ಅಳೆದು ನೋಡುತ್ತೇನೆ. ಎರಡು ಪಿಎಸ್ಐಗಿಂತ ಹೆಚ್ಚು ಇಳಿದಿದ್ದರೆ ಮತ್ತೆ ನೊರೆ ಹಚ್ಚಿ ರಿಮ್ಮಿನ ಅಂಚಿನಿಂದಲೇ ಹುಡುಕಲು ಶುರು.