ಅಪ್ಪ ಅಮ್ಮನನ್ನು ಒನೊಮಿಚಿಗೆ ಕರೆದುಕೊಂಡು ಹೋಗುವ ಮುಂಚೆ

ಊರಿಂದ ಅಪ್ಪ ಅಮ್ಮ ಬಂದಾಗ ಜಪಾನಿನಲ್ಲಿರುವ ನಾವೆಲ್ಲ ಮಾಡುವುದು ಒಂದೇ ಕೆಲಸ. ಟೋಕಿಯೊ, ಫುಜಿ, ಕ್ಯೋಟೊ, ನಾರಾದ ಜಿಂಕೆ, ವಾಪಸ್. ನಾಲ್ಕನೇ ದಿನಕ್ಕೆ ಅಮ್ಮನ ಮಂಡಿ ಊದಿರುತ್ತದೆ, ಅಪ್ಪ "ನೀವು ಹೋಗಿ ಬನ್ನಿ, ನಾನು ಮನೇಲೇ ಇರ್ತೀನಿ" ಅನ್ನಲು ಶುರು ಮಾಡಿರುತ್ತಾರೆ. ಅದಕ್ಕೇ ಮಧ್ಯದಲ್ಲಿ ಎರಡು ದಿನ ಒಂದು ಸಣ್ಣ ಕಡಲೂರು ಸೇರಿಸಿ ಅನ್ನುತ್ತೇನೆ. ನಾನು ಇರುವುದು ಒಸಾಕಾದಲ್ಲಿ, ಹಾಗಾಗಿ ನನ್ನ ಆಯ್ಕೆ ಹಿರೋಶಿಮಾ ಪ್ರಾಂತದ ಒನೊಮಿಚಿ. ಮೂರು ಸಲ ಹೋಗಿದ್ದೇನೆ. ಮೊದಲನೇ ಸಲ ಪೂರ್ತಿ ಕೆಟ್ಟಿತು.

ಹೇಗೆ ಕೆಟ್ಟಿತು ಅಂದರೆ, ನಾವು ಒಸಾಕಾದಿಂದ ಆರಾಮಾಗಿ ಊಟ ಮುಗಿಸಿಕೊಂಡು ಹೊರಟು ಸಂಜೆ ಐದೂವರೆಗೆ ಅಲ್ಲಿಗೆ ಮುಟ್ಟಿದೆವು. ಬೆಟ್ಟ ಹತ್ತುವ ರೋಪ್‌ವೇ ಐದೂಕಾಲಿಗೇ ನಿಂತಿತ್ತು. ಸರಿ ಅಂತ ಹೋಟೆಲಿಗೆ ಹೋಗಿ ಕಾಲು ಚಾಚಿ, ಎಂಟು ಗಂಟೆಗೆ ಊಟಕ್ಕೆ ಹೊರಗೆ ಬಂದರೆ ಸ್ಟೇಷನ್ ಪಕ್ಕದ ಉದ್ದ ಅಂಗಡಿ ಬೀದಿ ಪೂರ್ತಿ ಷಟರ್. ದೀಪ ಇದ್ದ ಒಂದೆರಡು ಕಡೆ ಒಳಗೆ ಇಣುಕಿದರೆ ಲಾಸ್ಟ್ ಆರ್ಡರ್ ಮುಗಿಯಿತು ಅಂತ ಕೈ ಅಡ್ಡಡ್ಡ ಮಾಡಿ ತೋರಿಸಿದರು. ಆ ರಾತ್ರಿ ಅಮ್ಮನ ಊಟ ಕೊಂಬಿನಿಯ (ಹಗಲೂ ರಾತ್ರಿ ತೆರೆದಿರುವ ಸಣ್ಣ ಅಂಗಡಿ) ಎರಡು ಬಾಳೆಹಣ್ಣು, ಒಂದು ಡಬ್ಬಿ ಮೊಸರು. ನೀರಿನ ಎದುರಿನ ಬೆಂಚಿನ ಮೇಲೆ ಕೂತು ತಿಂದರು. ಏನೂ ಅನ್ನಲಿಲ್ಲ. ಅದೇ ಜಾಸ್ತಿ ಚುಚ್ಚಿತು.

ತಪ್ಪು ಊರಿನದಲ್ಲ, ನನ್ನದು. ಜಪಾನಿನ ಸಣ್ಣ ಊರುಗಳಲ್ಲಿ ಎಲ್ಲವೂ ಗಡಿಯಾರ ನೋಡಿಕೊಂಡು ನಡೆಯುತ್ತದೆ, ಮತ್ತು ಆ ಗಡಿಯಾರ ದೊಡ್ಡ ಊರಿನದಕ್ಕಿಂತ ಎರಡು ಮೂರು ಗಂಟೆ ಮುಂದಿರುತ್ತದೆ. ಹಾಗಾಗಿ ಪ್ಲಾನ್ ಮಾಡುವಾಗ ಬೆಳಗ್ಗೆಯಿಂದ ಶುರು ಮಾಡಬೇಡಿ, ರಾತ್ರಿ ಊಟದಿಂದ ಹಿಂದಕ್ಕೆ ಲೆಕ್ಕ ಹಾಕಿ. ಊಟ ಎಲ್ಲಿ, ಅಲ್ಲಿ ಲಾಸ್ಟ್ ಆರ್ಡರ್ ಎಷ್ಟಕ್ಕೆ, ಅವತ್ತು ಆ ಅಂಗಡಿಗೆ ವಾರದ ರಜೆಯಾ? ಇಲ್ಲಿ ವಾರದ ರಜೆಯನ್ನು ತೇಯ್ಕ್ಯೂಬಿ ಅನ್ನುತ್ತಾರೆ. ಭಾನುವಾರ ಊರು ತುಂಬಾ ಜನ ಬರುವುದರಿಂದ ರಜೆಯನ್ನು ವಾರದ ನಡುವೆ ಯಾವುದೋ ದಿನಕ್ಕೆ ಹಾಕಿಕೊಂಡಿರುತ್ತಾರೆ. ಮ್ಯಾಪಿನಲ್ಲಿ ತೋರಿಸುವ ಸಮಯ ಪೂರ್ತಿ ನಂಬಬೇಡಿ, ಅಂಗಡಿಯವರ ಇನ್‌ಸ್ಟಾಗ್ರಾಂ ಇದ್ದರೆ ಅದನ್ನು ನೋಡಿ.

ಈಗ ಹೋಗುವ ದಾರಿ. ಮ್ಯಾಪಿನಲ್ಲಿ ಶಿನ್-ಒನೊಮಿಚಿ ಅಂತ ಶಿಂಕಾನ್ಸೆನ್ (ಬುಲೆಟ್ ರೈಲು) ಸ್ಟೇಷನ್ ಕಾಣುತ್ತದೆ, ಎಲ್ಲರೂ ಅದಕ್ಕೇ ಟಿಕೆಟ್ ತೆಗೆಯುತ್ತಾರೆ. ಬೇಡ. ಅಲ್ಲಿ ಎಲ್ಲ ಸ್ಟೇಷನ್ನಿಗೂ ನಿಲ್ಲುವ ಕೊದಾಮಾವೇ ಹೆಚ್ಚಾಗಿ ನಿಲ್ಲುತ್ತದೆ, ಅದೂ ಊರಿಂದ ಸುಮಾರು ಮೂರು ಕಿಲೋಮೀಟರ್ ದೂರ, ಮತ್ತೆ ಬಸ್ಸು ಹಿಡಿಯಬೇಕು. ಫುಕುಯಾಮಾದಲ್ಲಿ ಇಳಿಯಿರಿ. ಶಿನ್-ಒಸಾಕಾದಿಂದ ಕೆಲವೇ ಕಡೆ ನಿಲ್ಲುವ ವೇಗದ ಶಿಂಕಾನ್ಸೆನ್ ನೊಜೊಮಿಯಲ್ಲಿ ಹೆಚ್ಚುಕಮ್ಮಿ ಒಂದು ಗಂಟೆ. ಅಲ್ಲಿಂದ ಸಾನ್ಯೊ ಲೈನಿನ ಲೋಕಲ್ ರೈಲು, ಇಪ್ಪತ್ತು ನಿಮಿಷ. ಕೊನೆಯ ಕೆಲವು ನಿಮಿಷ ರೈಲು ಬೆಟ್ಟ ಮತ್ತು ನೀರಿನ ನಡುವೆ ಸಂದಿಯಲ್ಲಿ ಹೋಗುತ್ತದೆ, ಅಪ್ಪನನ್ನು ಎಡಗಡೆ ಕಿಟಕಿಗೆ ಕೂರಿಸಿ. ಲೋಕಲ್ ರೈಲಿನ ಬಾಗಿಲು ಎಷ್ಟೋ ಸಲ ತಾನಾಗೇ ತೆರೆಯುವುದಿಲ್ಲ, ಪಕ್ಕದ ಬಟನ್ ಒತ್ತಬೇಕು. ಸುಮ್ನೆ ಬಾಗಿಲ ಮುಂದೆ ನಿಂತುಕೊಂಡರೆ ರೈಲು ಹೊರಟೇಬಿಡುತ್ತದೆ.

ಟಿಕೆಟ್ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು, ಇಲ್ಲಿ ವರ್ಷಗಟ್ಟಲೆ ಇದ್ದವರಿಗೂ ಗೊಂದಲ ಇದೆ. ಶಿಂಕಾನ್ಸೆನ್ನಿಗೆ ನೀವು ಕೊಡುವ ದುಡ್ಡು ನಿಜವಾಗಿ ಎರಡು ಟಿಕೆಟ್ಟಿನದು. ಒಂದು ಜೋಶಾಕೆನ್, ಅಂದರೆ ಇಲ್ಲಿಂದ ಅಲ್ಲಿಗೆ ಹೋಗುವ ದೂರದ ದರ. ಇನ್ನೊಂದು ತೊಕ್ಕ್ಯೂಕೆನ್, ವೇಗದ ಗಾಡಿಗೆ ಕೊಡುವ ಹೆಚ್ಚುವರಿ. ಕೌಂಟರಿನಲ್ಲಿ ಕಾಗದದ ಟಿಕೆಟ್ ತೆಗೆದರೆ ಜೋಶಾಕೆನ್ನನ್ನು ನೇರ ಒನೊಮಿಚಿವರೆಗೆ, ತೊಕ್ಕ್ಯೂಕೆನ್ನನ್ನು ಫುಕುಯಾಮಾವರೆಗೆ ಮಾಡಿಸಿಕೊಳ್ಳಿ. ದೂರ ನೂರು ಕಿಲೋಮೀಟರಿಗಿಂತ ಜಾಸ್ತಿ ಇದ್ದರೆ ಸಾಮಾನ್ಯವಾಗಿ ನಡುವೆ ಇಳಿದು ಮತ್ತೆ ಹತ್ತಬಹುದು. ನಾವು ಹೀಗೆ ಫುಕುಯಾಮಾದಲ್ಲಿ ಇಳಿದು ಸ್ಟೇಷನ್ ಹಿಂದೆಯೇ ಇರುವ, 1622ರಲ್ಲಿ ಕಟ್ಟಿದ ಕೋಟೆ ನೋಡಿದೆವು. ರಸ್ತೆ ದಾಟಿದರೆ ಕೋಟೆ, ಅಷ್ಟು ಹತ್ತಿರ. ಗೇಟಿನ ಬಾಯಿಗೆ ಎರಡೂ ಟಿಕೆಟ್ ಒಟ್ಟಿಗೆ ಹಾಕಿದಾಗ ತೊಕ್ಕ್ಯೂಕೆನ್ ಒಳಗೇ ಉಳಿದು ಜೋಶಾಕೆನ್ ಮಾತ್ರ ಆಚೆ ಬಂತು. ಅಮ್ಮ "ಇನ್ನೊಂದು ನುಂಗ್ತಲ್ಲೋ" ಅಂತ ಗಾಬರಿಯಾಗಿ ಅಲ್ಲೇ ನಿಂತರು, ಹಿಂದೆ ಸಾಲು ಬೆಳೆಯಿತು. ಮೊದಲೇ ಹೇಳಿಟ್ಟಿರಿ.

ಮೊಬೈಲಿನಲ್ಲಿ ಶಿಂಕಾನ್ಸೆನ್ ಬುಕ್ ಮಾಡಿ ಇಕೋಕಾ, ಅಂದರೆ ಗೇಟಿನಲ್ಲಿ ಟ್ಯಾಪ್ ಮಾಡುವ ಪ್ರೀಪೇಯ್ಡ್ ಕಾರ್ಡಿಗೆ ಜೋಡಿಸುವುದು ಸುಲಭ ನಿಜ. ಆದರೆ ತಲೆಗೊಂದು ಕಾರ್ಡ್ ಬೇಕು, ಮತ್ತು ಅದು ಫುಕುಯಾಮಾಗೆ ಮುಗಿಯುತ್ತದೆ, ಮುಂದಿನ ಲೋಕಲ್ಲಿಗೆ ಬೇರೆ ದುಡ್ಡು ಕಡಿಯುತ್ತದೆ. ಟೋಕಿಯೊದಲ್ಲಿರುವವರಿಗೆ ಒಂದು ಮಾತು: ನಿಮ್ಮ ಕಡೆಯ ಅದೇ ಥರದ ಸುಯಿಕಾ ಕಾರ್ಡ್ ಇಲ್ಲಿಯೂ ನಡೆಯುತ್ತದೆ, ಆದರೆ ಒಂದು ಪ್ರದೇಶದಲ್ಲಿ ಟ್ಯಾಪ್ ಮಾಡಿ ಒಳಗೆ ಹೋಗಿ ಇನ್ನೊಂದು ಪ್ರದೇಶದಲ್ಲಿ ಹೊರಗೆ ಬರುವ ಹಾಗಿಲ್ಲ.

ಜಪಾನ್ ರೈಲ್ ಪಾಸ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಇಲ್ಲಿ ಕೆಲಸದ ವೀಸಾದಲ್ಲಿರುವ ನಮಗೆ ಅದು ಸಿಗುವುದಿಲ್ಲ, ಪ್ರವಾಸಿಗಳಾಗಿ ಬಂದ ಅಪ್ಪ ಅಮ್ಮನಿಗೆ ಸಿಗುತ್ತದೆ. 2023ರ ಅಕ್ಟೋಬರಿನಲ್ಲಿ ಏಳು ದಿನದ ಪಾಸಿನ ಬೆಲೆ 29,650 ಯೆನ್‌ನಿಂದ ಒಂದೇ ಸಲ 50,000ಕ್ಕೆ ಹಾರಿತು. ಅದರ ಮೇಲೆ, ನೊಜೊಮಿ ಹತ್ತಬೇಕಾದರೆ ಇನ್ನೂ ದುಡ್ಡು ಸೇರಿಸಬೇಕು. ಇಲ್ಲದಿದ್ದರೆ ಅವರು ಒಂದು ಗಾಡಿ, ನೀವು ಇನ್ನೊಂದು ಗಾಡಿ ಆಗುತ್ತದೆ. ಒಸಾಕಾದಿಂದ ಹೋಗಿ ಬರುವುದಕ್ಕೆ ಪಾಸ್ ಖಂಡಿತ ದಂಡ.

ಊರು ಹೇಗಿದೆ ಅಂದರೆ, ಒಂದು ಪಟ್ಟಿ. ಬೆಟ್ಟ, ಅದರ ಬುಡದಲ್ಲಿ ರೈಲು ಹಳಿ, ಹಳಿಯ ಆಚೆ ಅಂಗಡಿ ಬೀದಿ, ಅದರಾಚೆ ನದಿಯ ಹಾಗೆ ಕಾಣುವ ಕಡಲು, ಎದುರಿಗೆ ಮುಕಾಯ್‌ಶಿಮಾ ದ್ವೀಪ. 1169ರಿಂದ ಬಂದರು ಇದು, ಒಳನಾಡಿನ ಭತ್ತ ಇಲ್ಲಿಂದ ಹಡಗು ಹತ್ತುತ್ತಿತ್ತು. ವ್ಯಾಪಾರಿಗಳು ದುಡ್ಡು ಮಾಡಿ ಬೆಟ್ಟದ ತುಂಬ ದೇವಸ್ಥಾನ ಕಟ್ಟಿಸಿದರು. ಬೆಟ್ಟದ ಮೇಲಿನ ಮನೆಗಳಿಗೆ ಕಾರು ಹೋಗುವುದಿಲ್ಲ, ಬರೀ ಮೆಟ್ಟಿಲು. ಅದಕ್ಕೇ ಎಷ್ಟೋ ಮನೆ ಖಾಲಿ ಬಿದ್ದಿವೆ, ಬೆಕ್ಕುಗಳು ಮಾತ್ರ ಸುಖವಾಗಿವೆ.

ಅಪ್ಪ ಅಮ್ಮ ಜೊತೆಗಿದ್ದರೆ ರೋಪ್‌ವೇಯಲ್ಲಿ ಹತ್ತಿ, ಸಾಧ್ಯವಾದಷ್ಟು ಮಾತ್ರ ಇಳಿಯಿರಿ. ಮೂರು ನಿಮಿಷದಲ್ಲಿ ಸೆಂಕೊಜಿ ಬೆಟ್ಟದ ತುದಿ. ಅಲ್ಲಿಂದ ಸೆಂಕೊಜಿ ದೇವಸ್ಥಾನಕ್ಕೆ ಸ್ವಲ್ಪ ಇಳಿಯಬೇಕು, ಬಂಡೆಗಳ ನಡುವೆ ಇಳಿಜಾರು. ಮಂಡಿ ನೋವು ಇರುವವರು ದೇವಸ್ಥಾನ ನೋಡಿ ಮತ್ತೆ ಮೇಲೆ ಹತ್ತಿ ರೋಪ್‌ವೇಯಲ್ಲೇ ವಾಪಸ್ ಬರುವುದು ಒಳ್ಳೆಯದು, ಅದಕ್ಕೆ ಎರಡೂ ಕಡೆಯ ಟಿಕೆಟ್ ತೆಗೆದಿರಿ. ಗಟ್ಟಿ ಇರುವವರು ತೆನ್ನೇಯ್‌ಜಿಯ ಮೂರು ಅಂತಸ್ತಿನ ಗೋಪುರದ ದಾರಿ ಹಿಡಿದು ಇಳಿಯಬಹುದು. 1388ರಲ್ಲಿ ಅದನ್ನು ಐದು ಅಂತಸ್ತಾಗಿ ಕಟ್ಟಿದ್ದರು, ಆಮೇಲೆ ಮೇಲಿನ ಎರಡು ತೆಗೆದರು. ಗೋಪುರದ ಮೇಲಿನ ತಿರುವಿನಲ್ಲಿ ನಿಂತರೆ ಅದರ ಸೂರಿನ ಆಚೆ ಕಡಲು, ಹಡಗು ಕಟ್ಟುವ ಕ್ರೇನುಗಳು. ನನಗೆ ಇಡೀ ಊರಿನಲ್ಲಿ ಇಷ್ಟವಾದ ಜಾಗ ಅದೇ.

ಲಾಂಚ್ ತಪ್ಪಿಸಬೇಡಿ. ಸ್ಟೇಷನ್ ಎದುರಿಗೇ ಮುಕಾಯ್‌ಶಿಮಾಗೆ ಹೋಗುವ ಫೆರ್ರಿ. ಸ್ಕೂಲ್ ಹುಡುಗರು ಸೈಕಲ್ ಹಿಡಿದು ನಿಂತಿರುತ್ತಾರೆ, ಐದೇ ನಿಮಿಷದಲ್ಲಿ ಆಚೆ ದಡ. ಚಿಲ್ಲರೆ ಇಟ್ಟುಕೊಂಡಿರಿ. ನಾವು ಶಿವಮೊಗ್ಗದ ಸಾಗರದ ಕಡೆಯವರು. ಅಪ್ಪ ಹತ್ತಿದ ಕೂಡಲೇ, "ಇದು ನಮ್ಮ ಸಿಗಂದೂರು ಲಾಂಚೇ ಅಲ್ವಾ" ಅಂದರು. ಆಮೇಲೆ ಪಕ್ಕದಲ್ಲಿ ಸೇತುವೆ ಕಂಡಿತು. ಯಾವಾಗಿನದು ಅಂತ ಕೇಳಿದರು, 1968ರದ್ದು ಅಂದೆ. ಊರಲ್ಲಿ 2025ರಲ್ಲಿ ಶರಾವತಿ ಹಿನ್ನೀರಿಗೆ ಸೇತುವೆ ಆದ ಮೇಲೆ ಲಾಂಚ್ ಕತೆ ಮುಗಿಯಿತು ಅಂತ ಬೇಜಾರು ಮಾಡಿಕೊಂಡಿದ್ದವರು ಅವರು. ಸೇತುವೆ ಬಂದು ಇಷ್ಟು ವರ್ಷವಾದರೂ ಇಲ್ಲಿ ಲಾಂಚ್ ಓಡುತ್ತಿದೆ ಅಂತ ನಂಬಲು ಹೋಗಿ ಬಂದು ಹೋಗಿ ಬಂದು, ನಾಲ್ಕು ಸಲ ದಾಟಿಸಿದರು ನನ್ನನ್ನು.

ಇನ್ನು ಊಟ. ಇದರ ಬಗ್ಗೆ ಸಿಹಿ ಮಾತು ಆಡುವುದಿಲ್ಲ, ಸಸ್ಯಾಹಾರಿಗಳಿಗೆ ಸಣ್ಣ ಕಡಲೂರು ಕಷ್ಟ. ಒನೊಮಿಚಿಯ ಹೆಸರಾದ ರಾಮೆನ್ ನೂಡಲ್ಸಿನಲ್ಲಿ ಹಂದಿ ಕೊಬ್ಬಿನ ತುಣುಕುಗಳು ತೇಲುತ್ತಿರುತ್ತವೆ. "ನಿಕು ನಾಶಿ" ಅಂದರೆ ಮಾಂಸದ ಹೋಳು ತೆಗೆದುಕೊಡುತ್ತಾರೆ, ರಸ ಅದೇ. ಉದೋನ್ ನೂಡಲ್ಸ್, ಮಿಸೊ ಸೂಪ್, ಬೇಯಿಸಿದ ತರಕಾರಿ, ಎಲ್ಲದರಲ್ಲೂ ದಾಶಿ, ಅಂದರೆ ಒಣ ಮೀನಿನ ಸಾರು ಇರುತ್ತದೆ. ಇಲ್ಲಿನವರ ಲೆಕ್ಕದಲ್ಲಿ ದಾಶಿ ಮೀನಲ್ಲ, ರುಚಿ. ಅದಕ್ಕೇ ಬಿಡಿಸಿ ಹೇಳಬೇಕು: "ನಿಕು ಮೊ, ಸಕಾನಾ ಮೊ, ಕತ್ಸುಒ-ದಾಶಿ ಮೊ ತಾಬೆರಾರೆಮಾಸೆನ್", ಅಂದರೆ ಮಾಂಸ, ಮೀನು, ಮೀನಿನ ದಾಶಿ ಯಾವುದನ್ನೂ ತಿನ್ನುವ ಹಾಗಿಲ್ಲ ಅಂತ. ಇದನ್ನೇ ಜಪಾನಿ ಅಕ್ಷರದಲ್ಲಿ ಚೀಟಿ ಬರೆಸಿಕೊಂಡು ಅಮ್ಮನ ಪರ್ಸಿನಲ್ಲಿ ಇಡಿ. ಮೀನು ತಿನ್ನುವವರಿಗೆ ಮಾತ್ರ ಇದು ಹಬ್ಬದೂರು, ನಮ್ಮ ಕರಾವಳಿಯವರು ಇಲ್ಲಿಂದ ಕದಲುವುದಿಲ್ಲ.

ನಾವು ಈಗ ಮಾಡುವುದು ಹೀಗೆ. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಅವಲಕ್ಕಿ ಚೀಲದಲ್ಲಿ. ಕೊಂಬಿನಿಯಲ್ಲಿ ಬಿಳಿ ಅನ್ನದ ಪ್ಯಾಕೆಟ್ ಸಿಗುತ್ತದೆ, ಕೌಂಟರಿನಲ್ಲಿ "ಅತತಾಮೆಮಾಸ್ಕಾ?" ಅಂತ ಕೇಳಿದರೆ ತಲೆ ಆಡಿಸಿ, ಮೈಕ್ರೋವೇವಿನಲ್ಲಿ ಬಿಸಿ ಮಾಡಿ ಕೊಡುತ್ತಾರೆ. ಸಕ್ಕರೆ ಇಲ್ಲದ ಸಪ್ಪೆ ಮೊಸರಿನ ಡಬ್ಬಿ ಜೊತೆಗೆ. ಎರಡನೇ ಸಲ ಹೋದಾಗ ಅಮ್ಮ ಅದೇ ನೀರಿನ ಎದುರಿನ ಬೆಂಚಿನಲ್ಲಿ ಕೂತು, ಪ್ಯಾಕೆಟ್ಟಿನ ಮುಚ್ಚಳವನ್ನೇ ತಟ್ಟೆ ಮಾಡಿಕೊಂಡು ಮೊಸರನ್ನ ಕಲಸಿದರು. ಊರಿಂದ ತರುವಾಗ ಒಂದು ಎಚ್ಚರ: ಕರಿಬೇವು, ವೀಳ್ಯದೆಲೆ, ಹಸಿ ಹಣ್ಣು ಇವನ್ನೆಲ್ಲ ಅಲ್ಲಿನ ಸರ್ಕಾರದ ತಪಾಸಣೆ ಪತ್ರ ಇಲ್ಲದೆ ಜಪಾನಿಗೆ ತರುವ ಹಾಗಿಲ್ಲ, ಏರ್‌ಪೋರ್ಟಿನಲ್ಲೇ ಕಿತ್ತುಕೊಳ್ಳುತ್ತಾರೆ.

ಉಳಿಯುವುದಕ್ಕೆ ಜಪಾನಿನ ಹಳೇ ಶೈಲಿಯ ವಸತಿ, ಅಂದರೆ ರ‍್ಯೋಕಾನ್ ಬುಕ್ ಮಾಡುವವರು "ಇಪ್ಪಾಕು ನಿಶೊಕು" ಅನ್ನುವ ಮಾತು ಗಮನಿಸಿ, ಒಂದು ರಾತ್ರಿ ಎರಡು ಊಟ ಅಂತ. ಆ ಊಟಕ್ಕೆ ಸಂಜೆ ಆರರ ಹೊತ್ತಿಗೆ ಅಲ್ಲಿರಬೇಕು, ಸಸ್ಯಾಹಾರ ಅಂತ ಬುಕ್ ಮಾಡುವಾಗಲೇ ತಿಳಿಸಬೇಕು. ಹೋದ ಮೇಲೆ ಹೇಳಿದರೆ ಕ್ಷಮೆ ಕೇಳುತ್ತಾರೆ, ಊಟ ಬದಲಾಗುವುದಿಲ್ಲ. ಅಪ್ಪ ಅಮ್ಮನ ಪಾಸ್‌ಪೋರ್ಟ್ ಹೋಟೆಲಿನಲ್ಲಿ ಕೇಳುತ್ತಾರೆ. ಹೋಟೆಲ್ ಬಿಡಿ, ಪ್ರವಾಸಿಗಳು ಅದನ್ನು ಯಾವಾಗಲೂ ಮೈಮೇಲೆ ಇಟ್ಟುಕೊಂಡಿರಬೇಕು ಅಂತಲೇ ಕಾನೂನು, ನಮಗೆ ರೆಸಿಡೆನ್ಸ್ ಕಾರ್ಡ್ ಇದ್ದ ಹಾಗೆ.

ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ಹೋಗಬೇಡಿ. ಶಿಂಕಾನ್ಸೆನ್ನಿನಲ್ಲಿ ಉದ್ದ, ಅಗಲ, ಎತ್ತರ ಕೂಡಿದರೆ 160 ಸೆಂಟಿಮೀಟರ್ ದಾಟುವ ಪೆಟ್ಟಿಗೆಗೆ ಅದಕ್ಕಂತಲೇ ಇರುವ ಸೀಟು ಮೊದಲೇ ಬುಕ್ ಮಾಡಬೇಕು. ತಕ್ಕ್ಯೂಬಿನ್ ಅನ್ನುವ ಸಾಮಾನು ಕೊರಿಯರ್ ಇದೆ, ಹತ್ತಿರದ ಕೊಂಬಿನಿಯಲ್ಲಿ ಕೊಟ್ಟರೆ ಒಸಾಕಾದಿಂದ ಸಾಮಾನ್ಯವಾಗಿ ಮಾರನೇ ದಿನ ಹೋಟೆಲಿಗೆ ಹೋಗಿರುತ್ತದೆ. ಬಸ್ಸಿನಲ್ಲಿ ಹಿಂದಿನ ಬಾಗಿಲಿಂದ ಹತ್ತಿ ನಂಬರಿನ ಚೀಟಿ ಕಿತ್ತುಕೊಳ್ಳಿ. ಮುಂದೆ ಬೋರ್ಡಿನಲ್ಲಿ ನಿಮ್ಮ ನಂಬರಿನ ಕೆಳಗೆ ದರ ಏರುತ್ತಾ ಹೋಗುತ್ತದೆ, ಇಳಿಯುವಾಗ ಚೀಟಿ ಮತ್ತು ಸರಿಯಾದ ಚಿಲ್ಲರೆ ಎರಡನ್ನೂ ಡಬ್ಬಕ್ಕೆ ಹಾಕಬೇಕು.

ಒಂದು ದಿನ ಹೆಚ್ಚಿಗೆ ಇದ್ದರೆ ಸೆತೊದಾ. ಒನೊಮಿಚಿಯಿಂದ ದೋಣಿಯಲ್ಲಿ ಸುಮಾರು ನಲವತ್ತು ನಿಮಿಷ, ನಿಂಬೆಹಣ್ಣಿನ ದ್ವೀಪ. ಅಲ್ಲಿ ಕೊಸಾಂಜಿ ಅಂತ ಬಣ್ಣಬಣ್ಣದ ದೇವಸ್ಥಾನ ಇದೆ, ಕೊಳವೆ ಕಾರ್ಖಾನೆ ನಡೆಸುತ್ತಿದ್ದ ಒಬ್ಬ ವ್ಯಾಪಾರಿ ತಾಯಿಯ ನೆನಪಿಗೆ 1936ರಲ್ಲಿ ಕಟ್ಟಿಸಲು ಶುರು ಮಾಡಿದ್ದು. ಈ ಕತೆ ಹೇಳಿದರೆ ಅಮ್ಮಂದಿರು ನಿಮ್ಮ ಮುಖ ಒಂದು ಥರಾ ನೋಡುತ್ತಾರೆ, ತಯಾರಾಗಿರಿ. ದೋಣಿ ದಿನಕ್ಕೆ ಲೆಕ್ಕದಷ್ಟೇ ಇರುವುದರಿಂದ, ದ್ವೀಪಕ್ಕೆ ಇಳಿದ ತಕ್ಷಣ ವಾಪಸ್ ಬರುವ ಕೊನೆಯ ದೋಣಿಯ ಬೋರ್ಡಿನ ಫೋಟೊ ತೆಗೆದುಕೊಳ್ಳಿ.

ಶಿಮಾನಾಮಿ ಕಾಯ್‌ದೊ, ಅಂದರೆ ಆರು ದ್ವೀಪ ದಾಟಿ ಇಮಾಬಾರಿಗೆ ಹೋಗುವ 70 ಕಿಲೋಮೀಟರ್ ಸೈಕಲ್ ದಾರಿ, ಅದನ್ನು ನೀವು ಮತ್ತು ನಿಮ್ಮ ಸ್ನೇಹಿತರು ಬೇರೆ ಸಲ ಮಾಡಿಕೊಳ್ಳಿ. ರಸ್ತೆ ಮೇಲೆ ನೀಲಿ ಗೆರೆ ಎಳೆದಿದ್ದಾರೆ, ದಾರಿ ತಪ್ಪುವುದಿಲ್ಲ. ಸೈಕಲ್ ಬಾಡಿಗೆಗೆ ತೆಗೆಯುವಾಗ ಯಾವುದನ್ನು ಎಲ್ಲಿ ವಾಪಸ್ ಕೊಡಬಹುದು ಅಂತ ಕೇಳಿ, ಸಾಮಾನ್ಯ ಸೈಕಲ್ಲಿಗೂ ಬ್ಯಾಟರಿಯದಕ್ಕೂ ನಿಯಮ ಬೇರೆ. 2024ರ ನವೆಂಬರಿನಿಂದ ಸೈಕಲ್ ಮೇಲೆ ಫೋನ್ ಹಿಡಿದು ನೋಡಿದರೂ, ಬಿಯರ್ ಕುಡಿದು ಹೊಡೆದರೂ ಶಿಕ್ಷೆ ಜೋರಾಗಿದೆ.

ತಿಂಗಳು? ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದ ಗೋಲ್ಡನ್ ವೀಕ್ ರಜೆ ಮತ್ತು ಆಗಸ್ಟ್ ನಡುವಿನ ಓಬೊನ್ ಹಬ್ಬದ ರಜೆ ಬಿಡಿ, ರೂಮೂ ಇಲ್ಲ, ಸೀಟೂ ಇಲ್ಲ. ಈ ಒಳಗಡಲಿನ ಸುತ್ತ ಮಳೆ ಕಡಿಮೆ ಅನ್ನುತ್ತಾರೆ, ಆದರೆ 2018ರ ಜುಲೈ ಮಳೆಗೆ ಹಿರೋಶಿಮಾ ಕಡೆ ಗುಡ್ಡಗಳೇ ಕುಸಿದವು, ಒನೊಮಿಚಿಯಲ್ಲಿ ನಲ್ಲಿ ನೀರು ನಿಂತುಹೋಗಿತ್ತು. ಚಂಡಮಾರುತ ಬರುತ್ತದೆ ಅಂದರೆ ರೈಲಿನವರು ಹಿಂದಿನ ದಿನವೇ ನಾಳೆ ಗಾಡಿ ಇಲ್ಲ ಅಂತ ಹೇಳಿಬಿಡುತ್ತಾರೆ. ಹಾಗೆ ಹೇಳಿದಾಗ ವಾದ ಮಾಡಬೇಡಿ, ಟಿಕೆಟ್ ದುಡ್ಡು ವಾಪಸ್ ಸಿಗುತ್ತದೆ, ಹೋಟೆಲಿನಲ್ಲಿ ಇನ್ನೊಂದು ರಾತ್ರಿ ಕೇಳಿ. ನಾನಂತೂ ಅಕ್ಟೋಬರ್ ಕೊನೆಗೆ ಹೋಗುತ್ತೇನೆ, ವಾರದ ನಡುವೆ, ಬೆಳಗ್ಗೆ ಎಂಟರ ಗಾಡಿಗೆ.